ಮೂವತ್ತೇಳು ಮತ್ತು ಹತ್ತೊಂಬತ್ತು

ಮೌಂಟ್ ರೋಡಿನ ಆ ವಿಮಾ ಕಚೇರಿಯಲ್ಲಿ ಮಧ್ವರಾಜರ ಇಂಗ್ಲಿಷಿಗೆ ಒಂದು ಹೆಸರಿತ್ತು. ಮ್ಯಾನೇಜರು ಯಾವ ದೊಡ್ಡ ಪತ್ರ ಬರೆಸಿದರೂ ಅದು ಮೊದಲು ಅವರ ಮೇಜಿಗೆ ಬರುತ್ತಿತ್ತು. ಅವರು ನಾಲ್ಕು ಪದ ಹೊಡೆದುಹಾಕಿ ಎರಡು ಸೇರಿಸಿದರೆ ಸಾಕು, ಪತ್ರಕ್ಕೆ ಕಳೆ ಬಂತು ಎಂದು ಎಲ್ಲರೂ ಹೇಳುತ್ತಿದ್ದರು. ಮೂರು ತಲೆಮಾರಿನಿಂದ ಮದರಾಸಿನಲ್ಲೇ ನೆಲೆನಿಂತ ಮಾಧ್ವ ಮನೆತನ ಅವರದು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಆದರೆ ಅವರ ಅಭಿಮಾನವೆಲ್ಲ ಇಂಗ್ಲಿಷಿನ ಮೇಲೆ.

ಒಬ್ಬಳೇ ಮಗಳು ಕಲಾವತಿ. ಅಣ್ಣಾ ನಗರದ ಮನೆಯಿಂದ ದಿನಾ ಬಸ್ಸು ಹಿಡಿದು ಹೆಣ್ಣುಮಕ್ಕಳ ಕಾಲೇಜಿಗೆ ಹೋಗುತ್ತಿದ್ದಳು. ಅಪ್ಪ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ. ಮಾತು ಕಡಿಮೆ. ಅವಳು ಬಿ.ಎ. ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ, ಎಂಬತ್ತೊಂದರಲ್ಲಿ, ಕಾಲೇಜಿನಲ್ಲಿ ಹೊಸ ಪದ್ಧತಿ ಬಂದಿತ್ತು. ನೂರು ಮಾರ್ಕಿಗೂ ಒಂದೇ ಪರೀಕ್ಷೆ ಎನ್ನುವುದು ಹೋಗಿ, ವರ್ಷವಿಡೀ ಬರೆದು ಒಪ್ಪಿಸುವ ಅಸೈನ್‌ಮೆಂಟುಗಳಿಗೆ ನಲವತ್ತು, ಕೊನೆಯ ಲಿಖಿತ ಪರೀಕ್ಷೆಗೆ ಅರವತ್ತು ಎಂದಾಗಿತ್ತು.

ಅರ್ಥಶಾಸ್ತ್ರದ ಮೊದಲ ಅಸೈನ್‌ಮೆಂಟನ್ನು ಕಲಾ ತಾನೇ ಬರೆದಳು. ಭಾನುವಾರ ಊಟವಾದ ಮೇಲೆ ಮಧ್ವರಾಜರು ಅದನ್ನು ಕೈಗೆತ್ತಿಕೊಂಡು ಓದಿದರು. ಓದುತ್ತ ಓದುತ್ತ ಹುಬ್ಬು ಗಂಟಾಯಿತು. ಇದೇನು ವಾಕ್ಯವೇ, ಸ್ಕೂಲು ಹುಡುಗರ ಹಾಗೆ, ಎಂದು ಒಂದು ಸಾಲು ತಿದ್ದಿದರು. ಆಮೇಲೆ ಇನ್ನೊಂದು. ಕಡೆಗೆ ಹೊಸ ಹಾಳೆ ತೆಗೆದುಕೊಂಡು ತಾವೇ ಮೊದಲಿನಿಂದ ಬರೆದರು. ಮಗಳು ಎದುರಿಗೆ ಕೂತು ಅದನ್ನು ದುಂಡಗೆ ನಕಲು ಮಾಡಿದಳು. ಆ ಅಸೈನ್‌ಮೆಂಟಿಗೆ ಇಡೀ ತರಗತಿಯಲ್ಲೇ ಹೆಚ್ಚು ಮಾರ್ಕು ಬಂತು. ಅಲ್ಲಿಂದ ಅದೇ ವಾಡಿಕೆಯಾಯಿತು. ಹೆಂಡತಿ ಜಯಲಕ್ಷ್ಮಿ ಒಮ್ಮೆ, ಅವಳು ಓದಬೇಕಾದ್ದನ್ನು ನೀವು ಓದುತ್ತಿದ್ದೀರಲ್ಲ, ಎಂದದ್ದು ಅವರಿಗೆ ತಮಾಷೆಯಾಗಿ ಕೇಳಿಸಿತು. ನಿಜ ಹೇಳಬೇಕೆಂದರೆ ಆ ಭಾನುವಾರಗಳು ಅವರಿಗೆ ಬಹಳ ಹಿಡಿಸಿದ್ದವು.

ಪರೀಕ್ಷೆಗೆ ಮುಂಚೆ ಅಸೈನ್‌ಮೆಂಟಿನ ಮಾರ್ಕು ತಿಳಿಯಿತು. ನಲವತ್ತಕ್ಕೆ ಮೂವತ್ತೇಳು. ಕಲಾ ಮಾತ್ರ ಸಪ್ಪಗಿದ್ದಳು. ಅರ್ಥಶಾಸ್ತ್ರ ತಲೆಗೇ ಹತ್ತುತ್ತಿಲ್ಲ, ಹೆದರಿಕೆಯಾಗುತ್ತದೆ ಎಂದು ಅಮ್ಮನ ಹತ್ತಿರ ಹೇಳಿಕೊಂಡಳು. ಮಧ್ವರಾಜರು ನಕ್ಕರು.

"ಅಸಡು, ಪೆದ್ದೇ, ಕಣಕ್ಕು ಹಾಕಿ ನೋಡು. ಪಾಸಾಗಕ್ಕೆ ನೂರಕ್ಕೆ ನಲವತ್ತು ಬೇಕು. ಮೂವತ್ತೇಳು ಆಗಲೇ ಕೈಯಲ್ಲಿದೆ. ಪರೀಕ್ಷೆಯ ಹಾಲಿನಲ್ಲಿ ಹೋಗಿ ಕೂತು ಹೆಸರು ಬರೆದರೂ ಮೂರು ಮಾರ್ಕ್ ಬರತ್ತೆ."

ಅವಳು ಅರ್ಥಶಾಸ್ತ್ರದ ಪುಸ್ತಕ ಮುಚ್ಚಿಟ್ಟು ಬೇರೆ ವಿಷಯ ಓದಿಕೊಂಡಳು. ಫಲಿತಾಂಶ ಬರುವ ಮೊದಲೇ ಮಧ್ವರಾಜರು ಕಚೇರಿಯಲ್ಲಿ, ಮಠದಲ್ಲಿ, ಭಾವಮೈದ ವಿಷ್ಣುಮೂರ್ತಿಯ ಮನೆಯಲ್ಲಿ, ಮಗಳು ಪದವೀಧರೆಯಾದಳು ಎಂದು ಹೇಳಿ ಮುಗಿಸಿದ್ದರು.

ಫಲಿತಾಂಶದ ಪಟ್ಟಿಯಲ್ಲಿ ಅರ್ಥಶಾಸ್ತ್ರದ ಮುಂದೆ ಮೂವತ್ತೇಳು, ಹತ್ತೊಂಬತ್ತು, ಒಟ್ಟು ಐವತ್ತಾರು ಎಂದಿತ್ತು. ಪಕ್ಕದಲ್ಲಿ ಫೇಲು.

ಮಧ್ವರಾಜರಿಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಐವತ್ತಾರು ಬಂದವಳು ಫೇಲಾಗುವುದು ಯಾವ ಊರಿನ ಲೆಕ್ಕ? ಮರುದಿನವೇ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಗಳನ್ನು ಕರೆದುಕೊಂಡು ಕಾಲೇಜಿಗೆ ಹೊರಟರು. ಬೇಡಪ್ಪಾ ಎಂದು ಅವಳು ಬಸ್ಸಿನಲ್ಲೂ ಹೇಳಿದಳು. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಅರ್ಥಶಾಸ್ತ್ರದ ಲೆಕ್ಚರರ್ ಸುಗುಣಾ ಎಂಬ ಮೂವತ್ತರ ಆಸುಪಾಸಿನ ಹೆಂಗಸು. ಸ್ಟಾಫ್ ರೂಮಿನಲ್ಲಿ ಇನ್ನೂ ನಾಲ್ಕೈದು ಜನ ಕೂತಿದ್ದರು. ಮಧ್ವರಾಜರು ಎಲ್ಲರಿಗೂ ಕೇಳಿಸುವ ಹಾಗೆ ಇಂಗ್ಲಿಷಿನಲ್ಲೇ ಶುರು ಮಾಡಿದರು. ಕೂಡುವುದು ಬರದವರು ಅರ್ಥಶಾಸ್ತ್ರ ಕಲಿಸಿದರೆ ಹೀಗೇ ಆಗುವುದು ಎಂಬ ಮಾತೂ ಬಂತು. ಸುಗುಣಾ ಮಧ್ವರಾಜರನ್ನು ಪೂರ್ತಿ ಮಾತಾಡಲು ಬಿಟ್ಟರು. ಆಮೇಲೆ ಕುರ್ಚಿ ತೋರಿಸಿ, ಕನ್ನಡದಲ್ಲಿ, "ಕೂತುಕೊಳ್ಳಿ. ನಾವು ಕುಂದಾಪುರದ ಕಡೆಯವರು, ಕನ್ನಡದಲ್ಲೇ ಮಾತಾಡುವ" ಎಂದರು.

ಅವರು ವಿವರಿಸಿದ್ದು ಸರಳವಾಗಿತ್ತು. ಎರಡನ್ನೂ ಕೂಡುವುದು ನಿಜ, ಆದರೆ ಕೂಡುವುದಕ್ಕೆ ಮುಂಚೆ ಲಿಖಿತ ಪರೀಕ್ಷೆಯನ್ನು ಅದರಷ್ಟಕ್ಕೇ ದಾಟಬೇಕು. ಅರವತ್ತಕ್ಕೆ ಕಡೇ ಪಕ್ಷ ಇಪ್ಪತ್ತನಾಲ್ಕು. ಅದು ಬರದಿದ್ದರೆ ಅಸೈನ್‌ಮೆಂಟಿನಲ್ಲಿ ನಲವತ್ತಕ್ಕೆ ನಲವತ್ತು ಬಂದಿದ್ದರೂ ಪ್ರಯೋಜನವಿಲ್ಲ. ಮನೆಯಲ್ಲಿ ಪುಸ್ತಕ ನೋಡಿ ಬರೆದದ್ದು ಒಂದು, ಯಾರ ಆಸರೆಯೂ ಇಲ್ಲದೆ ಹಾಲಿನಲ್ಲಿ ಕೂತು ಬರೆದದ್ದು ಇನ್ನೊಂದು. ಒಂದರ ಕೊರತೆಯನ್ನು ಮತ್ತೊಂದು ತುಂಬುವುದಿಲ್ಲ. ಇದನ್ನು ವರ್ಷದ ಮೊದಲ ದಿನವೇ ಮಕ್ಕಳಿಗೆ ಹೇಳಿದ್ದೇನೆ, ಎಂದರು.

ಮಧ್ವರಾಜರು ಮಗಳ ಕಡೆ ನೋಡಿದರು. ಅವಳು ನೆಲ ನೋಡುತ್ತಿದ್ದಳು. ಅವಳಿಗೆ ಗೊತ್ತಿತ್ತು. ಹೆಸರು ಬರೆದರೂ ಸಾಕು ಎಂದು ಅಪ್ಪ ನಕ್ಕಾಗ, ಅಪ್ಪನೇ ಹೇಳಿದ ಮೇಲೆ ಸರಿಯಿರಬಹುದು ಎಂದು ಸುಮ್ಮನಾಗಿದ್ದಳು.

ಸುಗುಣಾ ದನಿ ತಗ್ಗಿಸಿದರು. ಅವರಿಗೂ ಒಂದು ತೊಂದರೆ ಬಂದಿತ್ತು. ಎರಡು ಮಾರ್ಕುಗಳ ನಡುವೆ ಇಷ್ಟು ಅಂತರ ಬಂದರೆ ಕಾಲೇಜಿನ ಸಮಿತಿ ಅಧ್ಯಾಪಕರನ್ನು ಕರೆದು ಕೇಳುತ್ತದೆ. ತನ್ನ ಭಾಷೆಯ ಹುಡುಗಿ ಎಂದು ಧಾರಾಳವಾಗಿ ಹಾಕಿದ್ದೀರಾ ಎಂದು ಒಬ್ಬರು ಬಾಯಿಬಿಟ್ಟೇ ಕೇಳಿದ್ದರಂತೆ.

"ನಾನು ಅವಳ ಪರವಾಗಿಯೇ ವಾದ ಮಾಡಿದ್ದೇನೆ," ಎಂದರು ಸುಗುಣಾ. "ಅಷ್ಟು ಚೆಂದ ಬರೆಯುವ ಹುಡುಗಿ, ಹಾಲಿನಲ್ಲಿ ಗಾಬರಿ ಬಿದ್ದಿರಬೇಕು, ಉತ್ತರ ಪತ್ರಿಕೆ ಇನ್ನೊಮ್ಮೆ ನೋಡಿ ಅಂತ ಕೇಳಿದ್ದೇನೆ. ನೀವು ಒಂದು ಮಾತು ಹೇಳಿ, ನಾನು ಅವರಿಗೆ ಧೈರ್ಯವಾಗಿ ಹೇಳ್ತೇನೆ. ಅಸೈನ್‌ಮೆಂಟು ಅವಳೇ ಬರೆದದ್ದಲ್ವಾ? ನೀವು ನೋಡಿದ್ದೀರಲ್ಲ?"

ಮಧ್ವರಾಜರ ಬೆನ್ನಿಗೆ ಅಂಗಿ ಅಂಟಿಕೊಂಡಿತು. ನಿಜ ಹೇಳಬಹುದಾಗಿತ್ತು. ಆದರೆ ಈಗಷ್ಟೇ ಇವರಿಗೆ ಕೂಡುವುದು ಬರುವುದಿಲ್ಲ ಎಂದು ಹಂಗಿಸಿದ್ದ ಬಾಯಿ ಅದು.

"ಆಮಾಂ," ಎಂದರು. "ನನ್ನ ಕಣ್ಣೆದುರಿಗೇ ಕೂತು ಬರೆದಳು."

ಮಾತು ಸುಳ್ಳಲ್ಲ ಎಂದು ಆ ಕ್ಷಣಕ್ಕೆ ತಮಗೆ ತಾವೇ ಹೇಳಿಕೊಂಡರು. ಸುಗುಣಾರ ಮುಖ ಹಗುರಾಯಿತು. ಅವರು ಏಳಲು ಹೊರಟಾಗ ಕಲಾ ತಲೆಯೆತ್ತಿದಳು.

"ನಾನ್ ಎಳುದಲೆ ಮಿಸ್," ಎಂದಳು. ನಾನು ಬರೆಯಲಿಲ್ಲ. ಆಮೇಲೆ ಏನು ಅನ್ನಿಸಿತೋ, ಅಪ್ಪನಿಗೂ ಸ್ಪಷ್ಟವಾಗಿ ಕೇಳಿಸಲಿ ಎಂಬಂತೆ, ತೊದಲುವ ಕನ್ನಡದಲ್ಲಿ ಅದನ್ನೇ ಹೇಳಿದಳು. "ಎಲ್ಲಾ ಅಪ್ಪ ಬರೆದದ್ದು. ನಾನು ಕಾಪಿ ಮಾಡಿದೆ. ಅದರಲ್ಲಿ ಏನಿತ್ತು ಅಂತ ಕೂಡ ನನಗೆ ಗೊತ್ತಿಲ್ಲ."

ಯಾರೋ ಕೆಮ್ಮಿದರು. ಸುಗುಣಾ ಮಧ್ವರಾಜರನ್ನು ನೋಡಲಿಲ್ಲ. ನೋಡಿದ್ದರೆ ವಾಸಿಯಾಗಿತ್ತು. ನಾಳೆ ಬಂದು ನನ್ನನ್ನು ನೋಡು ಎಂದು ಹುಡುಗಿಯ ಹೆಗಲು ಮುಟ್ಟಿ ಹೇಳಿ, ಅವರಿಗೆ ಕೈಮುಗಿದು ಕ್ಲಾಸಿಗೆ ಹೊರಟುಹೋದರು. ಆ ಕೈಮುಗಿತದಲ್ಲಿ ಮರ್ಯಾದೆಗೆ ಕೊರತೆಯಿರಲಿಲ್ಲ. ಅದಕ್ಕೇ ಅದು ಅವರನ್ನು ಹೆಚ್ಚು ಸುಟ್ಟಿತು.

ವಾಪಸು ಬರುವಾಗ ಬಸ್ಸಿನಲ್ಲಿ ಕಲಾ ಹೆಂಗಸರ ಕಡೆ ಕೂತಳು, ಅವರು ಹಿಂದೆ ನಿಂತರು. ಮೂರು ಮಾರ್ಕು ಸಾಕು ಎಂದವರು ಯಾರು? ಕಿಟಕಿಯ ಪಕ್ಕ ಬಾಗಿದ ಆ ತಲೆಯನ್ನು ನೋಡುತ್ತ ಅವರಿಗೆ ಒಂದೊಂದೇ ಭಾನುವಾರ ನೆನಪಾಯಿತು. ಅವಳ ಮೊದಲ ಅಸೈನ್‌ಮೆಂಟಿನಲ್ಲಿ ಅವಳದೇ ಆದ ಒಂದು ಯೋಚನೆಯಿತ್ತು, ಬೆಳೆ ಚೆನ್ನಾಗಿ ಬಂದ ವರ್ಷವೂ ಅಕ್ಕಿ ಯಾಕೆ ಅಗ್ಗವಾಗುವುದಿಲ್ಲ ಎಂದು. ಭಾಷೆ ಸೊಟ್ಟಗಿದೆಯೆಂದು ಅದನ್ನು ಪೂರ್ತಿ ಹೊಡೆದುಹಾಕಿದ್ದರು. ಅವಳಿಗೆ ಬರುವುದಿಲ್ಲ ಎಂದು ತೀರ್ಮಾನಿಸಿದವರು ತಾವು, ಬರದ ಹಾಗೆ ಮಾಡಿದವರೂ ತಾವೇ. ಇಷ್ಟಾದ ಮೇಲೂ ನಿಜ ಹೇಳುವ ಕೆಲಸವನ್ನು ಮಗಳಿಗೇ ಬಿಟ್ಟು ಕುರ್ಚಿಯಲ್ಲಿ ಕೂತಿದ್ದರು.

ಎರಡು ದಿನ ಕಚೇರಿಗೆ ಹೋದರೂ ಕೆಲಸ ಸಾಗಲಿಲ್ಲ. ಪ್ರಿನ್ಸಿಪಾಲರಿಗೆ ಒಂದು ಪತ್ರ ಬರೆಯೋಣವೆಂದು ಕೂತರೆ ವಾಕ್ಯಗಳು ತಾವಾಗಿಯೇ ನಯವಾಗಿ ಬಂದುಬಿಡುತ್ತಿದ್ದವು. ತಪ್ಪು ಯಾರದೆಂದೇ ತಿಳಿಯದಷ್ಟು ನಯ. ಹರಿದುಹಾಕಿದರು. ಮೂರನೆಯ ದಿನ ಒಬ್ಬರೇ ಕಾಲೇಜಿಗೆ ಹೋಗಿ ಪ್ರಿನ್ಸಿಪಾಲರ ಮುಂದೆ ನಿಂತರು. ಅಸೈನ್‌ಮೆಂಟು ಬರೆದದ್ದು ನಾನು, ಮಗಳು ಕೇಳಿರಲಿಲ್ಲ, ಲೆಕ್ಚರರಿಗೆ ಸುಳ್ಳು ಹೇಳಿದವನೂ ನಾನೇ, ಎಂದರು. ಅವರ ಹೆಸರಾಂತ ಇಂಗ್ಲಿಷು ಅಲ್ಲಿ ಮೂರು ಸಲ ತಡವರಿಸಿತು. ಪ್ರಿನ್ಸಿಪಾಲರು ವಯಸ್ಸಾದ ಹೆಂಗಸು. ಕೇಳಿ ಮುಗಿಸಿ, "ಇಂಥ ತಂದೆಯರು ಬಹಳ ಜನ ಇದ್ದಾರೆ. ಬಂದು ಹೇಳುವವರು ಕಡಿಮೆ" ಎಂದರು. ಅದು ಸಮಾಧಾನವೋ ಛೀಮಾರಿಯೋ ಅವರಿಗೆ ಗೊತ್ತಾಗಲಿಲ್ಲ.

ಸುಗುಣಾರ ಮೇಲಿನ ಸಂಶಯ ಅಲ್ಲಿಗೆ ಕಳೆಯಿತು. ಕಲಾಳ ಮೂವತ್ತೇಳನ್ನು ರದ್ದು ಮಾಡಿದರು. ಅಸೈನ್‌ಮೆಂಟುಗಳನ್ನೆಲ್ಲ ಹೊಸದಾಗಿ, ಕಾಲೇಜಿನ ಲೈಬ್ರರಿಯಲ್ಲೇ ಕೂತು ಬರೆಯಬೇಕು, ಆಮೇಲೆ ಪರೀಕ್ಷೆ ಎಂದಾಯಿತು. ಪದವಿ ಅರ್ಧ ವರ್ಷ ಮುಂದಕ್ಕೆ ಹೋಯಿತು. ಹೇಳಿಕೊಂಡು ಬಂದ ಕಡೆಯಲ್ಲೆಲ್ಲ ಮಧ್ವರಾಜರು ಮತ್ತೆ ಹೋಗಿ, ಮಗಳು ಪಾಸಾಗಿಲ್ಲ ಎಂದರು. ಯಾಕೆ ಎಂದು ಕೇಳಿದವರಿಗೆ ಯಾಕೆ ಎಂದೂ ಹೇಳಿದರು. ವಿಷ್ಣುಮೂರ್ತಿ ಮುಸಿಮುಸಿ ನಕ್ಕ. ಅದನ್ನೂ ನುಂಗಿಕೊಂಡರು.

ಆ ಆರು ತಿಂಗಳು ಕಲಾ ಊಟದ ಮನೆಯಲ್ಲಿ ಕೂತು ಓದಿದಳು. ಒಂದು ಸಂಜೆ ಯಾವುದೋ ಪದದ ಅರ್ಥ ಹೊಳೆಯದೆ ಅಮ್ಮನನ್ನು ಕೇಳಿದಳು. ಜಯಲಕ್ಷ್ಮಿಗೆ ಇಂಗ್ಲಿಷು ಎಲ್ಲಿಂದ ಬರಬೇಕು, ಗಂಡನನ್ನು ಕರೆಯಹೋದಳು. ವೇಂಡಾಂ ಮ್ಮಾ, ಎಂದು ಕಲಾ ಮೆಲ್ಲಗೆ ತಡೆದಳು. ನಡುಮನೆಯಲ್ಲಿದ್ದ ಮಧ್ವರಾಜರಿಗೆ ಕೇಳಿಸಿತು. ಆ ಪದದ ಅರ್ಥ ಅವರ ನಾಲಿಗೆಯ ತುದಿಯಲ್ಲೇ ಇತ್ತು. ಎದ್ದು ಬಾಲ್ಕನಿಗೆ ಹೋಗಿ ನಿಂತರು.

ಫಲಿತಾಂಶ ಬಂದಾಗ ಅಸೈನ್‌ಮೆಂಟಿಗೆ ಇಪ್ಪತ್ತಮೂರು, ಪರೀಕ್ಷೆಗೆ ಇಪ್ಪತ್ತೊಂಬತ್ತು. ಎರಡೂ ಬೇರೆ ಬೇರೆ ದಾಟಿದ್ದವು. ಕೂಡಿದರೆ ಐವತ್ತೆರಡು, ರದ್ದಾದ ಆ ಮೊತ್ತಕ್ಕಿಂತ ನಾಲ್ಕು ಕಡಿಮೆ. ಕಲಾ ಮೊದಲು ಅಮ್ಮನಿಗೆ ಹೇಳಿದಳು. ಆಮೇಲೆ ಅವರ ಮುಂದೆ ಬಂದು, ಪಾಸಾಯಿತು ಎಂದು ಹೇಳಿ ನಿಂತಳು. ಮಧ್ವರಾಜರಿಗೆ ಏನೇನೋ ಹೇಳಬೇಕೆನಿಸಿತು. ಬಾಯಿಗೆ ಬಂದ ವಾಕ್ಯವೆಲ್ಲ ಕಚೇರಿಯ ಡ್ರಾಫ್ಟಿನ ಹಾಗೆ ಇತ್ತು. ಅವಳ ಮುಖ ನೋಡಲಾಗದೆ, ಊಟ ಆಯ್ತೇನಮ್ಮಾ ಎಂದು ಕೇಳಿದರು.

ಆಯಿತು ಎಂದಳು ಕಲಾ. ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಹೋದಳು.