ಡಬ್ಬಿಗೂ ಒಂದು ಪೂಜೆ

ಸೊಕ್ಕೆಯ ಚಿಕ್ಕಹನುಮಂತಪ್ಪ ಮೂವತ್ತೊಂದು ವರ್ಷ ಖಾಸಗಿ ಬಸ್ಸು ಓಡಿಸಿದವನು. ಜಗಳೂರಿನಿಂದ ಹೊನ್ನಾಳಿಯವರೆಗೆ ಅವನ ಹಾರ್ನಿನ ಗುರುತು ಹಿಡಿಯದ ಹೋಟೆಲಿನವನಿರಲಿಲ್ಲ. ಅಷ್ಟು ವರ್ಷಗಳಲ್ಲಿ ಒಂದು ಕುರಿಗೂ ಚಕ್ರ ತಾಗಿಸಿದವನಲ್ಲ ಎಂದು ತಾನೇ ಹೇಳಿಕೊಳ್ಳುತ್ತಿದ್ದ. ನಮ್ಮ ಕಡೆಯ ರಸ್ತೆಗಳಲ್ಲಿ ಕುರಿಹಿಂಡು ಹೇಗೆ ನುಗ್ಗುತ್ತದೆಂದು ಬಲ್ಲವರು ಇದನ್ನು ಸಣ್ಣ ಮಾತೆಂದು ತಳ್ಳಿಹಾಕುವುದಿಲ್ಲ. ಇದಕ್ಕೆಲ್ಲ ಕಾರಣ ತನ್ನ ಕೈಚಳಕವಲ್ಲ, ವರ್ಷವರ್ಷವೂ ಆಯುಧಪೂಜೆಯಂದು ತಾನು ಎಂಜಿನ್ನಿಗೆ ಮಾಡುತ್ತಿದ್ದ ಪೂಜೆ ಎಂಬುದು ಅವನ ಗಟ್ಟಿ ನಂಬಿಕೆ. ವಿಭೂತಿ, ಕುಂಕುಮ, ಚೆಂಡುಹೂವು ಎಲ್ಲರೂ ಇಡುತ್ತಾರೆ. ಕಾಯಿ ಒಡೆದು, ಅದರ ನೀರನ್ನು ಬಾನೆಟ್ ಎತ್ತಿ ಒಳಗೆ ಮೂರು ಸಲ ಚಿಮುಕಿಸುವುದು ಮಾತ್ರ ಅವನ ಸ್ವಂತ ಪದ್ಧತಿ.

ಎರಡು ವರ್ಷದ ಹಿಂದೆ ಅವನ ಎಡಗಣ್ಣು ಮಂಜಾಯಿತು. ಬಸ್ಸಿನ ಮಾಲೀಕ ಎದುರಿಗೆ ಕೂರಿಸಿಕೊಂಡು, ಚಹಾ ಕುಡಿಸಿ, ಒಳ್ಳೆಯ ಮಾತನ್ನೇ ಆಡಿ ಕೀಲಿ ಈಸಿಕೊಂಡ. ಅಲ್ಲಿಂದಾಚೆ ಮನೆಯಲ್ಲೂ ಅವನ ಕೈಗೆ ಯಾರೂ ಏನನ್ನೂ ಕೊಡದಾದರು. ಗ್ಯಾಸ್ ಸಿಲಿಂಡರ್ ಬದಲಿಸಲು ಹೋದರೆ ಹೆಂಡತಿ ಹೊನ್ನೂರಮ್ಮ ಬಿಡ್ರಿ ಬಿಡ್ರಿ ಎಂದು ಅಡ್ಡ ಬರುವಳು. ಮೊಪೆಡ್ಡಿನ ಹತ್ತಿರ ಹೋದರೆ ಮಗ ಸಿದ್ದೇಶ್ ಊರಲ್ಲಿದ್ದಾಗ ಎಲ್ಲಿದ್ದರೂ ಓಡಿ ಬರುವನು. ಸೊಸೆ ಅಂಬಿಕಾ ಒಬ್ಬಳೇ ಹಾಗಲ್ಲ. ಹೊರಗೆ ಹೊರಟರೆ, ಮಾವ ಮನೆ ಕಡೆ ನೋಡ್ಕಳ್ರಿ ಎಂದು ಹೇಳಿಯೇ ಹೊಸ್ತಿಲು ದಾಟುತ್ತಿದ್ದಳು. ಆ ಒಂದು ಮಾತಿನಿಂದ ಅವನಿಗೆ ಇಡೀ ದಿನ ಹೊಟ್ಟೆ ತುಂಬಿದಂತಿರುತ್ತಿತ್ತು.

ಆಷಾಢದ ನಡುವಿಗೆ ಅಂಬಿಕಾಳಿಗೆ ಕೆಲಸ ಸಿಕ್ಕಿತ್ತು. ಮಿಕ್ಸಿ, ಗ್ರೈಂಡರು ಮಾರುವ ಕಂಪನಿಯೊಂದಕ್ಕೆ ಕನ್ನಡದಲ್ಲಿ ಬರುವ ದೂರಿನ ಕರೆಗಳನ್ನು ಮನೆಯಿಂದಲೇ ತೆಗೆದುಕೊಳ್ಳುವ ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ಹೆಡ್‌ಫೋನ್ ಏರಿಸಿ ಕೂತರೆ ಸಂಜೆ ಆರು. ಲ್ಯಾಪ್‌ಟಾಪನ್ನು ಕಂಪನಿಯೇ ಕಳಿಸಿತ್ತು, ಜೊತೆಗೆ ನಿಯಮಗಳನ್ನೂ. ಮನೆಗೆ ಎಳೆಸಿಕೊಂಡ ಕೇಬಲ್ ನೆಟ್ಟಿನಲ್ಲೇ ಕೆಲಸ ಮಾಡಬೇಕು, ಫೋನಿನ ನೆಟ್ ನಡೆಯದು, ಬೇರೆಯವರ ಮನೆಯಲ್ಲಿ ಕೂರುವಂತಿಲ್ಲ. ಮೊದಲ ಮೂರು ತಿಂಗಳು ಪರೀಕ್ಷೆಯ ಅವಧಿ, ಅದು ಮುಗಿದರೆ ಕಾಯಂ. ಆಯುಧಪೂಜೆಯ ಹೊತ್ತಿಗೆ ಅದಕ್ಕೆ ಇನ್ನು ಹತ್ತೇ ದಿನ ಉಳಿದಿತ್ತು. ಬಿ.ಎ. ಮುಗಿಸಿ ಐದು ವರ್ಷ ಕಂಡಕಂಡಲ್ಲಿ ಅರ್ಜಿ ಹಾಕಿ, ಚನ್ನಗಿರಿಯಿಂದ ದಾವಣಗೆರೆಯವರೆಗೆ ಸಂದರ್ಶನಕ್ಕೆ ಅಲೆದು, ಕಡೆಗೆ ಸಿಕ್ಕ ಕೆಲಸ ಅದು. ಚಿಕ್ಕಹನುಮಂತಪ್ಪ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು, ನಮ್ಮ ಸೊಸೆ ಮನೇಲೇ ಆಫೀಸು ಇಟ್ಟಾಳೆ ಎಂದು ಹೇಳದ ದಿನವಿರಲಿಲ್ಲ.

ಈ ಸಲದ ಆಯುಧಪೂಜೆಗೆ ಮನೆಯಲ್ಲಿ ಮಾವ ಸೊಸೆ ಇಬ್ಬರೇ. ಹೊನ್ನೂರಮ್ಮ ಮಗಳಿಗೆ ಹುಷಾರಿಲ್ಲವೆಂದು ಹೊನ್ನಾಳಿಗೆ ಹೋಗಿದ್ದಳು. ಸಿದ್ದೇಶ್ ನ್ಯಾಮತಿಯ ಅಕ್ಕಿ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್, ಉಳಿಯುವುದೂ ಅಲ್ಲೇ. ಗಿರಣಿಯ ಪೂಜೆ ಬಿಟ್ಟು ಬರುವಂತಿರಲಿಲ್ಲ. ಅಂಬಿಕಾ ಲ್ಯಾಪ್‌ಟಾಪಿನ ಮೇಲೆ ಕಾಗದ ಹಾಸಿ, ಅದರ ಮೇಲೆ ಹೂವಿಟ್ಟು, ಪಕ್ಕದ ಮನೆಯ ಸುಂಕಲಮ್ಮ ಅರಿಶಿನ ಕುಂಕುಮಕ್ಕೆ ಕರೆದಳೆಂದು ಹೋದಳು. ಹೋಗುವಾಗ ಎಂದಿನ ಮಾತನ್ನೂ ಹೇಳಿ ಹೋದಳು.

ಚಿಕ್ಕಹನುಮಂತಪ್ಪ ಮೊಪೆಡ್ಡು, ಔಷಧಿ ಹೊಡೆಯುವ ಪಂಪು, ಕುಡುಗೋಲು, ಕತ್ತರಿ ಎಲ್ಲಕ್ಕೂ ಪೂಜೆ ಮುಗಿಸಿ, ಕಾಯಿನೀರಿನ ಲೋಟ ಹಿಡಿದು ಸುತ್ತ ನೋಡಿದ. ಗೋಡೆಯ ಹಲಗೆಯ ಮೇಲೆ ನೆಟ್ಟಿನ ಡಬ್ಬಿ ಹಸಿರು ದೀಪ ಮಿಟುಕಿಸುತ್ತ ಬೋಳು ಬೋಳಾಗಿ ಕೂತಿತ್ತು. ಲ್ಯಾಪ್‌ಟಾಪಿಗೆ ಹೂವುಂಟು, ಅದನ್ನು ಓಡಿಸುವ ಡಬ್ಬಿಗೆ ಒಂದು ಬೊಟ್ಟೂ ಇಲ್ಲ. ಅವನು ಲೋಟ ಹಿಡಿದೇ ಹತ್ತಿರ ಹೋದ. ಮುಟ್ಟಿ ನೋಡಿದರೆ ಬಿಸಿ. ಮೇಲ್ಗಡೆ ರೇಡಿಯೇಟರಿಗಿರುವ ಹಾಗೆ ಸಾಲು ಸಾಲು ಸೀಳು. ಬಿಸಿಯಾದ ಗಾಡಿಗೆ ನೀರು ಕಾಣಿಸಬೇಕೆಂದು ಹಳೇ ಡ್ರೈವರನಿಗೆ ಯಾರು ಹೇಳಿಕೊಡಬೇಕು? ವಿಭೂತಿ ಎಳೆದ, ಹೂವಿಟ್ಟ, ಸೊಸೆಯ ಕೆಲಸ ಕಾಯಂ ಆಗಲಪ್ಪ ಎಂದು ಕಣ್ಣು ಮುಚ್ಚಿ ಮೂರು ಸಲ ಚಿಮುಕಿಸಿದ. ಕಣ್ಣು ಬಿಟ್ಟಾಗ ಹಸಿರು ದೀಪಗಳೆಲ್ಲ ಆರಿ ಒಂದು ಕೆಂಪು ದೀಪ ಉಳಿದಿತ್ತು.

ಆ ಹೊತ್ತಿಗೇ ಓಡಿಹೋಗಿ ಸೊಸೆಯನ್ನು ಕರೆದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವನು ಹೆಗಲ ಮೇಲಿನ ಟವೆಲಿನಿಂದ ಡಬ್ಬಿಯನ್ನು ಒರೆಸಿದ. ವಿಭೂತಿ ಹೋಯಿತು, ಹೂವನ್ನು ತುಳಸಿಕಟ್ಟೆಗೆ ಹಾಕಿದ. ತಾನಾಗಿಯೇ ಸರಿಯಾದೀತು ಎಂದುಕೊಂಡು ಜಗಲಿಯ ಮೇಲೆ ಬಂದು ಕೂತ.

ಮರುದಿನ ವಿಜಯದಶಮಿ, ಅಂಬಿಕಾಳಿಗೆ ಹಿಂದಿನ ದಿನದಂತೆ ಅವತ್ತೂ ರಜೆ. ಬೆಳಿಗ್ಗೆ ಅವಳೇ ನೋಡಿದಳು. ವೈರು ಕಿತ್ತು ಹಾಕಿದಳು, ಸ್ವಿಚ್ಚು ಆರಿಸಿ ಹಚ್ಚಿದಳು, ಏನೂ ಆಗಲಿಲ್ಲ. ಇಂಥ ದೂರುಗಳನ್ನು ದಿನಕ್ಕೆ ಎಪ್ಪತ್ತು ಸಲ ಕೇಳುವವಳಾದ್ದರಿಂದ ಮೊದಲು ಕೇಳಬೇಕಾದ್ದನ್ನೇ ಕೇಳಿದಳು.

"ಮಾವ, ಇದಕ್ಕೇನಾದ್ರೂ ನೀರು ತಾಗಿತ್ತಾ?"

"ಇಲ್ಲವ್ವ. ನಾನ್ಯಾಕೆ ಅದನ್ನ ಮುಟ್ಟಾಕೆ ಹೋಗ್ಲಿ?" ಎಂದ ಚಿಕ್ಕಹನುಮಂತಪ್ಪ.

ಅವಳು ನಂಬಿದಳು. ಎರಡನೇ ಸಲ ಕೇಳದೆ ನಂಬಿಬಿಟ್ಟಳಲ್ಲ, ಅದೇ ಅವನ ಎದೆಗೆ ಕಲ್ಲಾಯಿತು.

ಅಲ್ಲಿಂದ ಶುರುವಾಯಿತು ನೆಟ್ ಕೊಟ್ಟ ಕಂಪನಿಯ ಜೊತೆ ಗುದ್ದಾಟ. ಊರಿಗೆ ಲೈನು ಎಳೆಯುವಾಗ ಮನೆಮನೆಗೆ ಬಂದು ಕೈಮುಗಿದಿದ್ದ ಕಂಪನಿ, ಈಗ ಒಂದು ಒತ್ತಿ ಎರಡು ಒತ್ತಿ ಎನ್ನತೊಡಗಿತು. ನಿಮ್ಮ ಕರೆ ನಮಗೆ ಅಮೂಲ್ಯ ಎನ್ನುತ್ತ ಅರ್ಧ ಗಂಟೆ ಸಂಗೀತ ಕೇಳಿಸಿತು. ಕಡೆಗೆ ಸಿಕ್ಕವರು ಸಾಧನಕ್ಕೆ ನೀರು ಬಿದ್ದಿದೆಯೇ ಎಂದು ಕೇಳಿದರು, ಅಂಬಿಕಾ ಇಲ್ಲವೆಂದಳು. ಹಾಗಾದರೆ ಇದು ಲೈನಿನ ದೋಷ ಎಂದು ಬರೆದುಕೊಂಡು ಒಂದು ನಂಬರು ಕೊಟ್ಟರು.

ಶುಕ್ರವಾರ ಜಗಳೂರಿನಿಂದ ಕೃಷ್ಣ ಎಂಬ ಲೈನ್‌ಮನ್ ಬೈಕಿನಲ್ಲಿ ಬಂದ. ಕಂಬ ಹತ್ತಿ ಇಳಿದು, ಲೈನು ಚೆನ್ನಾಗೈತೆ ಎಂದ. ಡಬ್ಬಿಗೆ ಏನಾದರೂ ಆಗಿತ್ತಾ ಎಂದು ಅವನೂ ಕೇಳಿದ, ಏನೂ ಆಗಿಲ್ಲ ಎಂದಳು ಅಂಬಿಕಾ. ತನಗೆ ಬಂದಿರುವುದು ಲೈನಿನ ದೂರು, ಅದರ ಮೇಲೆ ಡಬ್ಬಿ ಬಿಚ್ಚುವ ಹಾಗಿಲ್ಲ, ಬದಲಿಸುವ ಹಾಗೂ ಇಲ್ಲ, ದಾವಣಗೆರೆಯಿಂದ ದೊಡ್ಡ ತಂಡ ಬರಬೇಕು ಎಂದು ಹೇಳಿ ಹೊರಟ. ಚಿಕ್ಕಹನುಮಂತಪ್ಪ ಅವನನ್ನು ಬೀದಿಯ ತಿರುವಿನವರೆಗೂ ಕಳಿಸಲು ಹೋದ. ಅಲ್ಲಿ ಹೇಳಿಬಿಡಬೇಕೆಂದಿದ್ದ. ಬಾಯಿ ತೆರೆದವನು ಮಳೆ ಬೆಳೆ ವಿಚಾರಿಸಿ ವಾಪಸು ಬಂದ.

ಶನಿವಾರ ಬೆಳಿಗ್ಗೆ ಅಂಬಿಕಾ ಸ್ನಾನಕ್ಕೆ ಹೋದಾಗ ಡಬ್ಬಿಯನ್ನು ತಂದು ಬಿಸಿಲಿಗಿಟ್ಟ. ಹಪ್ಪಳ ಒಣಗಿಸಿದಂತೆ ಮಗುಚಿ ಮಗುಚಿ ಹಾಕಿದ. ಅಲುಗಿಸಿದರೆ ಒಳಗೆ ಏನೋ ಕಟಕ್ ಎಂದಿತು. ಬಾಗಿಲ ಸದ್ದಾದದ್ದೇ ಹಲಗೆಯ ಮೇಲಿಟ್ಟು, ವೈರು ಸಿಕ್ಕಿಸಿ ಬೆವರು ಒರೆಸಿಕೊಂಡ. ಆಮೇಲೆ ಕಣ್ಣಿನ ಡ್ರಾಪ್ಸ್ ತರಬೇಕೆಂದು ಸುಳ್ಳು ಹೇಳಿ ಜಗಳೂರಿನ ಬಸ್ಸು ಹತ್ತಿದ. ಎರಡು ಮೊಬೈಲ್ ಅಂಗಡಿಯಲ್ಲಿ ಅಂಥದೇ ಡಬ್ಬಿ ಕೊಡ್ರಿ ಎಂದು ಕೇಳಿದ. ಆ ಲೈನಿಗೆ ಆ ಕಂಪನಿಯ ಡಬ್ಬಿಯೇ ಆಗಬೇಕು ತಾತ ಎಂದರು ಇಬ್ಬರೂ. ಡ್ರಾಪ್ಸನ್ನೂ ತರದೆ ಮನೆಗೆ ಬಂದ.

ಅವನು ಇಲ್ಲದಾಗ ಅಂಬಿಕಾಳ ಫೋನಿಗೆ ಸಂದೇಶ ಬಂದಿತ್ತು: ನಿಮ್ಮ ದೂರನ್ನು ಬಗೆಹರಿಸಲಾಗಿದೆ, ಸೇವೆ ಹೇಗಿತ್ತು ತಿಳಿಸಿ. ಕೆಂಪು ದೀಪದ ಎದುರು ನಿಂತು ಅದನ್ನು ಓದಿದ ಅಂಬಿಕಾ, ಮಾತಿನಲ್ಲಿ ಯಾರನ್ನೂ ನೋಯಿಸದ ಆ ಹುಡುಗಿ, ಅವತ್ತು ನೆಟ್ ಕಂಪನಿಯ ಮೇಲಿನವರಿಗೆ ಫೋನು ಹಚ್ಚಿ ಕೃಷ್ಣನನ್ನು ಕಳ್ಳ ಎಂದಳು, ಕೆಲಸ ಮಾಡದೆಯೇ ಮಾಡಿದೆನೆಂದು ಬರೆದಿದ್ದಾನೆ ಎಂದಳು. ನ್ಯಾಮತಿಯಿಂದ ಸಿದ್ದೇಶ್, ಬಿಡಬ್ಯಾಡ, ಸರಿಯಾಗಿ ಬೈಯಿ ಎಂದು ಹುರಿದುಂಬಿಸಿದ. ಬೈದು ಮುಗಿಸಿ ಮತ್ತೆ ಹೊಸ ದೂರು ಬರೆಸಿದಳು. ಅದೂ ಲೈನಿನ ದೋಷವೆಂದೇ ದಾಖಲಾಯಿತು.

ಅತ್ತ ಅವಳ ಮಿಕ್ಸಿ ಕಂಪನಿಯ ಮೇಲಧಿಕಾರಿಯ ತಾಳ್ಮೆಯೂ ಮುಗಿಯುತ್ತ ಬಂದಿತ್ತು. ಶುಕ್ರವಾರ, ಶನಿವಾರ ರಜೆಯೆಂದು ಬರೆದುಕೊಂಡಿದ್ದ ಅವರು ಭಾನುವಾರ ಬೆಳಿಗ್ಗೆ ಕಡೆಯ ಮಾತು ಕಳಿಸಿದರು. ಸೋಮವಾರ ಒಂಬತ್ತಕ್ಕೆ ಅಂಬಿಕಾ ಕೆಲಸಕ್ಕೆ ಕೂರದಿದ್ದರೆ ಹೆಸರು ತೆಗೆಯುತ್ತೇವೆ, ಲ್ಯಾಪ್‌ಟಾಪನ್ನು ಕೊರಿಯರಿನಲ್ಲಿ ವಾಪಸು ಕಳಿಸುವುದು. ಅಂಬಿಕಾ ಅದನ್ನು ಮಾವನಿಗೆ ಓದಿ ಹೇಳಿದಳು. ಅಳಲಿಲ್ಲ. ಅತ್ತಿದ್ದರೆ ಅವನಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಅವಳು ಅಟ್ಟದಿಂದ ಲ್ಯಾಪ್‌ಟಾಪಿನ ರಟ್ಟಿನ ಪೆಟ್ಟಿಗೆ ಇಳಿಸಿ, ವೈರು ಸುತ್ತತೊಡಗಿದಳು. ಇದೊಂದು ಸಲ ನೋಡಿಬಿಡ್ತೀನಿ ಎಂದು ನೆಟ್ ಕಂಪನಿಗೆ ಫೋನು ಹಚ್ಚಿ, ದನಿ ಜೋರಾಗಿಸಿ, ಪಕ್ಕದಲ್ಲಿಟ್ಟುಕೊಂಡಳು. ಸಿಕ್ಕವಳು ತನ್ನ ಹೆಸರು ಗಂಗೋತ್ರಿ ಎಂದಳು. ಮತ್ತೆ ಮೊದಲಿನಿಂದ ಅದೇ ಪ್ರಶ್ನೆಗಳು. ಅಂಬಿಕಾ ವೈರು ಸುತ್ತುತ್ತಲೇ ಉತ್ತರ ಹೇಳುತ್ತಿದ್ದಳು. ಚಿಕ್ಕಹನುಮಂತಪ್ಪ ಬಾಗಿಲಿಗೆ ಒರಗಿ ನಿಂತು ಪೆಟ್ಟಿಗೆಯನ್ನೇ ನೋಡುತ್ತಿದ್ದ. ಅವಳ ಹೆಡ್‌ಫೋನ್ ಅದರೊಳಗೆ ಹೋಯಿತು.

"ಸಾಧನದ ಮೇಲೆ ನೀರು ಅಥವಾ ಬೇರೆ ಯಾವುದೇ ದ್ರವ ಬಿದ್ದಿದೆಯೇ ಮೇಡಂ?"

"ಇಲ್ಲ" ಎಂದಳು ಅಂಬಿಕಾ.

"ಬಿದ್ದೈತೆ" ಎಂದ ಚಿಕ್ಕಹನುಮಂತಪ್ಪ.

ಅಂಬಿಕಾಳ ಕೈ ನಿಂತಿತು. ಅವನು ಒಳಗೆ ಬಂದು ಫೋನಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಸೊಸೆಯ ಮುಖ ನೋಡಿ ಹೇಳುವುದು ಅವನಿಂದಾಗುತ್ತಿರಲಿಲ್ಲ, ಫೋನನ್ನೇ ನೋಡುತ್ತ ಹೇಳಿದ.

"ತೆಂಗಿನಕಾಯಿ ನೀರು ತಾಯಿ. ಆಯುಧಪೂಜೆ ದಿನ ನಾನೇ ಹಾಕಿದ್ದು, ಮೂರು ಸಲ. ದೀಪ ಆರಿಹೋತು. ಟವೆಲಲ್ಲಿ ಒರೆಸಿ ಸುಮ್ಮನಾದೆ. ನಮ್ಮ ಸೊಸೆ ಕೇಳಿದ್ಲು, ನಾನು ಇಲ್ಲ ಅಂದೆ. ಆಕೆ ಹೇಳಿದ್ದು ಸುಳ್ಳಲ್ಲ, ಆಕೆಗೆ ಗೊತ್ತೇ ಇರಲಿಲ್ಲ. ನಿಮ್ಮ ಹುಡುಗ ಕೃಷ್ಣಂದೂ ತಪ್ಪಿಲ್ಲ. ಅದನ್ನೂ ಬರ್ಕಳ್ರಿ."

ಆ ಕಡೆ ಕೀಲಿಮಣೆಯ ಸದ್ದಾಯಿತು. ಆಮೇಲೆ ಗಂಗೋತ್ರಿ, ಹಾಗಾದರೆ ಇದು ಲೈನಿನ ದೂರಲ್ಲ, ಸಾಧನದ ದೂರು ಎಂದಳು. ಗ್ಯಾರಂಟಿ ಸಿಗುವುದಿಲ್ಲ, ಹೊಸದಕ್ಕೆ ಹಣ ಕಟ್ಟಬೇಕು, ಒಪ್ಪಿದರೆ ಇವತ್ತೇ ಬದಲಿಸುತ್ತಾರೆ ಎಂದಳು. ಅಂಬಿಕಾ ಹೂಂ ಎಂದಳು.

ನಾಲ್ಕು ದಿನ ಆಗದಿದ್ದ ಕೆಲಸಕ್ಕೆ ಐವತ್ತು ನಿಮಿಷವೂ ಹಿಡಿಯಲಿಲ್ಲ. ಕೃಷ್ಣ ಬೈಕು ನಿಲ್ಲಿಸಿ, ಹೊಸ ಡಬ್ಬಿ ಕೂರಿಸಿ, ಹಸಿರು ದೀಪ ಬಂದದ್ದನ್ನು ತೋರಿಸಿದ. ಅಂಬಿಕಾ ತಲೆ ತಗ್ಗಿಸಿ ಅವನಲ್ಲಿ ಕ್ಷಮೆ ಕೇಳಿದಳು. ಬೈಸಿಕೊಂಡು ರೂಢಿಯಾಗಿದ್ದ ಕೃಷ್ಣ ನಕ್ಕ.

"ಶುಕ್ರವಾರಾನೂ ಇದು ನನ್ನ ಬ್ಯಾಗಲ್ಲೇ ಇತ್ತು ಕಣಕ್ಕ" ಎಂದು ಹೇಳಿ ಹೊರಟುಹೋದ.

ಆ ಮಾತು ಮನೆಯಲ್ಲಿ ಉಳಿಯಿತು. ಅಂಬಿಕಾ ಪೆಟ್ಟಿಗೆಯಿಂದ ಒಂದೊಂದಾಗಿ ಸಾಮಾನು ಹೊರಗೆ ತೆಗೆದು ಜೋಡಿಸಿದಳು. ಆಮೇಲೆ ಜಗಲಿಗೆ ಬಂದು, ಮಾವನಿಂದ ದೂರ, ಕಂಬದ ಆಚೆ ಕೂತಳು.

"ಯಾಕೆ ಹೇಳ್ಲಿಲ್ಲ? ನಾನು ಬೈತೀನಿ ಅಂತಾನಾ?"

"ಬೈದ್ರೆ ಬೈಸ್ಕಂತಿದ್ದೆ ಕಣವ್ವ. ಇನ್ಮೇಲೆ ನೀನೂ ನನ್ನ ಕೈಗೆ ಏನೂ ಕೊಡಲ್ಲ ಅಂತ ಹೆದರಿಕೆ ಆತು."

ನನಗೆ ಸಿಟ್ಟು ಬಂದೈತೆ ಮಾವ, ಇವತ್ತು ನನ್ನ ಮಾತಾಡಿಸಬ್ಯಾಡ್ರಿ ಎಂದು ಅಂಬಿಕಾ ಎದ್ದು ಹೋದಳು. ಸಂಜೆ ಅವನಿಗೆ ತಟ್ಟೆ ಇಟ್ಟಳು, ಎದುರಿಗೆ ಕೂರಲಿಲ್ಲ. ಆಯಿತು, ಅವಳ ಲೆಕ್ಕದಲ್ಲೂ ನನ್ನ ಡ್ಯೂಟಿ ಮುಗಿಯಿತು ಎಂದುಕೊಂಡ ಚಿಕ್ಕಹನುಮಂತಪ್ಪ. ಕೆಲಸ ಉಳಿಯಿತಲ್ಲ ಎಂಬ ಸಂತೋಷವನ್ನೂ ಅನುಭವಿಸಲಾಗಲಿಲ್ಲ.

ಸೋಮವಾರ ಒಂಬತ್ತಕ್ಕೆ ಹತ್ತು ನಿಮಿಷವಿತ್ತು. ಅಂಬಿಕಾ ಹೆಡ್‌ಫೋನನ್ನು ಕೊರಳಿಗೆ ಹಾಕಿಕೊಂಡು ಹೊರಗೆ ಬಂದಳು. ಮುಖ ಇನ್ನೂ ಬಿಗಿದೇ ಇತ್ತು. ಒಳಗೆ ಬರ್ರಿ ಎಂದು ಕರೆದು, ಗೋಡೆಯ ಮೂಲೆಯಲ್ಲಿ ನೆಟ್ಟಿನ ಡಬ್ಬಿಗೆಂದು ಸಿದ್ದೇಶ್ ಕೂರಿಸಿ ಹೋಗಿದ್ದ ಬ್ಯಾಟರಿಯನ್ನೂ ಅದರ ಮೇಲಿನ ಸ್ವಿಚ್ಚನ್ನೂ ತೋರಿಸಿದಳು. ಅಲ್ಲಿಯವರೆಗೆ ಕರೆಂಟ್ ಹೋದಾಗಲೆಲ್ಲ ಕರೆಯ ಮಧ್ಯೆ ಅವಳೇ ಎದ್ದು ಓಡಿ ಅದನ್ನು ಹಾಕುತ್ತಿದ್ದಳು.

"ಕರೆಂಟ್ ಹೋದ ತಕ್ಷಣ ಇದನ್ನ ಕೆಳಗೆ ಹಾಕ್ರಿ. ತಡ ಆದ್ರೆ ಲೈನು ಕಟ್ಟಾಗಿ ನನ್ನ ಕೆಲಸಕ್ಕೇ ಕುತ್ತು ಬರ್ತೈತೆ. ಇನ್ಮೇಲೆ ನಾನು ಏಳಲ್ಲ, ನೀವೇ ಹಾಕ್ಬೇಕು."

ಅವನು ತಲೆಯಾಡಿಸಿದ. ಒಂದು ಸ್ಟೂಲು ಎಳೆದುಕೊಂಡು ಸ್ವಿಚ್ಚಿನ ಎದುರು ಕೂತ, ಎರಡು ಕೈಯನ್ನೂ ಟವೆಲಿಗೆ ಚೆನ್ನಾಗಿ ಒರೆಸಿಕೊಂಡ. ಮಧ್ಯಾಹ್ನದ ಊಟವನ್ನೂ ಅಲ್ಲೇ ಎಡಗೈಯಲ್ಲಿ ತಟ್ಟೆ ಹಿಡಿದು ಮಾಡಿದ. ಅವತ್ತು ಇಡೀ ದಿನ ಕರೆಂಟ್ ಹೋಗಲಿಲ್ಲ. ಚಿಕ್ಕಹನುಮಂತಪ್ಪ ಸಂಜೆ ಆರರವರೆಗೆ ಅಲ್ಲಿಂದ ಏಳಲಿಲ್ಲ.