ಮೂರನೇ ಹೆಡ್‌ಫೋನಿನ ರಿಸಲ್ಟು

ಸುಪ್ರಜಾಳಿಗೆ ಒಡವೆ ಬೇಕಿರಲಿಲ್ಲ, ಸೀರೆಯೂ ಬೇಕಿರಲಿಲ್ಲ. ಬೆಳಗಿನ ಜಾವದ ಒಂದಿಷ್ಟು ನಿದ್ದೆ ಸಿಕ್ಕಿದ್ದರೆ ಸಾಕಿತ್ತು. ಹಗಲೆಲ್ಲ ಹೈಸ್ಕೂಲಿನಲ್ಲಿ ಪಾಠ, ಸಂಜೆ ಅಡುಗೆ, ಮಗಳ ಹೋಂವರ್ಕು, ಎಲ್ಲ ಮುಗಿದು ಮನೆ ಮಲಗಿದ ಮೇಲೆ ಉತ್ತರಪತ್ರಿಕೆಗಳ ಕಟ್ಟು. ಹಾಸಿಗೆಗೆ ಬಿದ್ದು ಇನ್ನೇನು ನಿದ್ದೆ ಗಟ್ಟಿಯಾಗಬೇಕು, ಅಷ್ಟರಲ್ಲಿ ನಡುಮನೆಯಲ್ಲಿ ಮಾವ ವರದರಾಜರ ಟೂ-ಇನ್-ಒನ್ ಟೇಪ್‌ರೆಕಾರ್ಡರು ಗಂಟಲು ಸರಿಪಡಿಸಿಕೊಂಡು ತೋಡಿ ರಾಗ ಎತ್ತಿಕೊಳ್ಳುತ್ತಿತ್ತು. ಚಾಮರಾಜಪೇಟೆಯ ಆ ಹಳೇ ಮನೆಯಲ್ಲಿ ನಡುಮನೆಗೂ ಮಲಗುವ ಕೋಣೆಗೂ ಮಧ್ಯೆ ಇದ್ದದ್ದು ಒಂದು ಹೂವಿನ ಪರದೆ ಮಾತ್ರ. ಅವಳ ಗಂಡನ ಕಿವಿಯ ಪಕ್ಕ ತಮಟೆ ಬಾರಿಸಿದರೂ ಅವನು ಮಗ್ಗುಲು ಬದಲಿಸುವವನಲ್ಲ. ಎಚ್ಚರವಾಗುತ್ತಿದ್ದದ್ದು ಅವಳೊಬ್ಬಳಿಗೇ.

"ಹೆಡ್‌ಫೋನ್ ಹಾಕ್ಕೊಂಡು ಕೇಳಬಹುದಲ್ವಾ ಮಾವ?" ಎಂದು ಅವಳು ಕೇಳಿ ನೋಡಿದ್ದಳು.

"ಹಾಕ್ಕೋತೀನಮ್ಮ, ನಂದೇನೂ ಹಟ ಇಲ್ಲ. ಆದ್ರೆ ನಾದ ಕೆಡಬಾರದು ನೋಡು. ಡಬ್ಬದೊಳಗೆ ತಲೆ ಇಟ್ಕೊಂಡು ಸಂಗೀತ ಕೇಳು ಅಂದ್ರೆ ನನ್ನ ಕೈಲಾಗಲ್ಲ."

ಕೊನೆಗೆ ಇಬ್ಬರ ನಡುವೆ ಒಂದು ಒಪ್ಪಂದವಾಯಿತು. ಭಾನುವಾರ ಮೂರು ಹೆಡ್‌ಫೋನುಗಳನ್ನು ಮುಂದಿಟ್ಟು ಪರೀಕ್ಷೆ ಮಾಡುವುದು. ವರದರಾಜರೂ ಅವರ ಇಬ್ಬರು ಗೆಳೆಯರೂ ಪರೀಕ್ಷಕರು. ಯಾವುದಾದರೂ ಒಂದಕ್ಕೆ ಫಸ್ಟ್ ಕ್ಲಾಸ್ ಬಂದರೆ ಸೋಮವಾರದಿಂದ ಸ್ಪೀಕರ್ ಬಂದ್. ಒಂದಕ್ಕೂ ಬರದಿದ್ದರೆ ಸುಪ್ರಜಾ ಇನ್ನು ಆ ಮಾತೇ ಎತ್ತಬಾರದು.

ಒಂದನ್ನು ಅವಳ ಗಂಡ ಎಸ್.ಪಿ. ರೋಡಿನಿಂದ ತಂದ. ಇನ್ನೊಂದು ಆ ಗೆಳೆಯರಲ್ಲೊಬ್ಬರಾದ ಸಂಕರ್ಷಣ ಅವರದು, ಅವರ ಅಳಿಯ ಸಿಂಗಪೂರದಿಂದ ತಂದದ್ದು. ಮೂರನೆಯದನ್ನು ಸುಪ್ರಜಾಳೇ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಅಂಗಡಿ ಅಂಗಡಿ ಸುತ್ತಿ, ಹಿಡಿಸದಿದ್ದರೆ ವಾಪಸ್ ತಗೋಬೇಕು ಎಂದು ಮಾತಾಡಿ ತಂದಿದ್ದಳು.

ಭಾನುವಾರ ಊಟ ಮುಗಿಸಿ ಗೆಳೆಯರು ಬಂದರು. ಸಂಕರ್ಷಣ ಬ್ಯಾಂಕಿನಿಂದ ರಿಟೈರಾದವರು, ದೊಡ್ಡ ದನಿಯವರು. ಆತ್ರೇಯ ಕಾಲೇಜಿನಲ್ಲಿ ಗಣಿತ ಹೇಳಿದವರು, ನಗುವುದಕ್ಕೂ ಯೋಚನೆ ಮಾಡುವವರು. ಕೋಡುಬಳೆಯ ತಟ್ಟೆಯ ಪಕ್ಕದಲ್ಲೇ ಮೂರು ಹೆಡ್‌ಫೋನುಗಳನ್ನು ಸಾಲಾಗಿ ಇಟ್ಟದ್ದಾಯಿತು. ವರದರಾಜರು ಕ್ಯಾಸೆಟ್ ತೆಗೆದರು.

ಅದೇನು ಸಾಮಾನ್ಯ ಕ್ಯಾಸೆಟ್ಟಲ್ಲ. ಹಿಂದೊಂದು ವರ್ಷ ರಾಮನವಮಿ ಕಚೇರಿಯಲ್ಲಿ, ಕೋಟೆ ಹೈಸ್ಕೂಲು ಮೈದಾನದ ಪೆಂಡಾಲಿನಲ್ಲಿ, ಇದೇ ಟೂ-ಇನ್-ಒನ್ ತೊಡೆಯ ಮೇಲಿಟ್ಟುಕೊಂಡು ಅವರೇ ರೆಕಾರ್ಡ್ ಮಾಡಿದ್ದು. ಆವತ್ತು ಕಚೇರಿ ತಡರಾತ್ರಿಯವರೆಗೂ ಹೋಗಿತ್ತು. ಅರ್ಧ ಪೆಂಡಾಲು ತೂಕಡಿಸುತ್ತಿದ್ದರೂ ತಾವು ಮಂಗಳದವರೆಗೆ ರೆಪ್ಪೆ ಮುಚ್ಚಲಿಲ್ಲವೆಂಬುದು ವರದರಾಜರ ಜೀವಮಾನದ ಸಾಧನೆ. ಪಕ್ಕದಲ್ಲಿ ಕೂತಿದ್ದ ಆತ್ರೇಯ ಆಲಾಪನೆಯ ನಡುವೆ ನಿದ್ದೆ ಹೋದದ್ದು ಆ ಕಥೆಯ ಉಪಕಥೆ.

"ಲೋ ಆತ್ರೇಯ, ಇವತ್ತಾದ್ರೂ ತೋಡಿ ಪೂರ್ತಿ ಕೇಳಿಸ್ಕೋ. ಆವತ್ತು ನಿನಗೆ ಬರೀ ಪಾನಕ, ಕೋಸಂಬರಿ ಅಷ್ಟೇ ಸಿಕ್ಕಿದ್ದು" ಎಂದರು ವರದರಾಜರು.

"ಕಣ್ಣು ಮುಚ್ಚಿದ್ದೆ ಕಣಯ್ಯ."

"ಹೌದೌದು. ಬಾಯಿ ತೆಗೆದಿದ್ದೆ."

ಸುಪ್ರಜಾ ಬಾಗಿಲ ಪಕ್ಕ ಮಣೆಯ ಮೇಲೆ ಕೂತು, ತೊಡೆಯ ಮೇಲೆ ಉತ್ತರಪತ್ರಿಕೆ ಹರಡಿಕೊಂಡು, ಒಂದು ಕಿವಿಯನ್ನು ಇತ್ತ ಕೊಟ್ಟಿದ್ದಳು.

ಎಸ್.ಪಿ. ರೋಡಿನ ಹೆಡ್‌ಫೋನು ಒಬ್ಬರ ತಲೆಯಿಂದ ಒಬ್ಬರ ತಲೆಗೆ ದಾಟಿ ಬೇಗನೆ ಕೆಳಗಿಳಿಯಿತು. "ತಂಬೂರಿ ಅಲ್ಲಮ್ಮ ಇದು, ಸೊಳ್ಳೆ" ಎಂದರು ವರದರಾಜರು. "ಗಾಯಕರು ಪಾಪ ತಗಡಿನ ಶೀಟಿನ ಹಿಂದೆ ನಿಂತು ಹಾಡ್ತಿದಾರೆ." ಮೂವರೂ ಫೇಲು ಮಾಡಿದರು.

ಸಿಂಗಪೂರದ್ದು ಹೆಲ್ಮೆಟ್ಟಿನಷ್ಟಿತ್ತು. ಅದನ್ನು ತೊಟ್ಟ ಕೂಡಲೇ ಸಂಕರ್ಷಣ, "ಮೃದಂಗ ಕೇಳ್ರೋ, ಎದೆಗೇ ಹೊಡೀತಿದೆ!" ಎಂದು ಬೀದಿಗೆ ಕೇಳುವಂತೆ ಅರಚಿದರು.

"ಯಾಕೋ ಕಿರುಚ್ತೀಯ, ನಾವು ಇಲ್ಲೇ ಇದೀವಿ."

"ಆಂ? ಏನಂದೆ?"

ವರದರಾಜರು ಅದನ್ನು ಕಿತ್ತು ತಾವು ಹಾಕಿಕೊಂಡು ಹುಬ್ಬು ಗಂಟಿಕ್ಕಿದರು. "ಬರೀ ಗುಮ್ ಗುಮ್. ಯಾರೋ ಗೋಡೌನ್ ಬಾಗಿಲು ಬಡಿದ ಹಾಗಿದೆ. ಪಿಟೀಲು ಎಲ್ಲಿ? ನಿನ್ನ ಅಳಿಯ ಪಿಟೀಲನ್ನ ಕಸ್ಟಮ್ಸ್‌ನಲ್ಲೇ ಬಿಟ್ಟು ಬಂದ್ನೇನೋ?" ಸಂಕರ್ಷಣ ಅಳಿಯನ ಮರ್ಯಾದೆಗೆ ಫಸ್ಟ್ ಕ್ಲಾಸ್ ಕೊಟ್ಟರು. ಉಳಿದಿಬ್ಬರು ಪಾಸಷ್ಟೇ ಮಾಡಿದರು. ಅದೂ ಹೋಯಿತು.

ಮೂರನೆಯದು ನೋಡಲು ಏನೇನೂ ಇರಲಿಲ್ಲ. ವರದರಾಜರು ಕ್ಯಾಸೆಟ್ ಹಿಂದಕ್ಕೆ ಓಡಿಸಿ ಅದನ್ನು ಕಿವಿಗಿಟ್ಟುಕೊಂಡರು. ಸುಪ್ರಜಾ ಕೆಂಪು ಪೆನ್ನು ಕೆಳಗಿಟ್ಟಳು.

ಮಾವನ ಮುಖ ನಿಧಾನವಾಗಿ ಅರಳುವುದನ್ನು ಅವಳು ನೋಡಿದಳು. ಮೊದಲು ಹಣೆಯ ಗೆರೆಗಳು ಹೋದವು. ಆಮೇಲೆ ಬೆರಳುಗಳು ತೊಡೆಯ ಮೇಲೆ ಕುಣಿದವು. "ತಂತಿ ತಂತಿನೂ ಕೇಳಿಸ್ತಿದೆ! ಭೇಷ್!" ಎಂದು ಅವರೂ ಅರಚಿದರು. ಸುಪ್ರಜಾ ಮನಸ್ಸಿನಲ್ಲೇ ದಿಂಬನ್ನು ತಟ್ಟಿ ಸರಿಮಾಡಿಕೊಂಡಳು.

ಆಗ ಬೆರಳು ನಿಂತಿತು. ವರದರಾಜರು ತಲೆ ಒಂದು ಕಡೆ ವಾಲಿಸಿದರು, ಮತ್ತೊಂದು ಕಡೆ ವಾಲಿಸಿದರು. ಕಿವಿ ಕೆಂಪಗಾಯಿತು. ಹೆಡ್‌ಫೋನ್ ತೆಗೆದು ನೆಲಕ್ಕಿಟ್ಟು, "ಇದು ಫೇಲು" ಎಂದರು.

"ಈಗ ತಾನೆ ಭೇಷ್ ಅಂದ್ರಲ್ಲ ಮಾವ!"

"ಕೊನೇಲಿ ಕೆಟ್ಟುಹೋಯ್ತು. ಏನೋ ಕರಕರ."

ಸುಪ್ರಜಾಳಿಗೆ ತಡೆಯಲಾಗಲಿಲ್ಲ. ಎದ್ದು ಬಂದು, ಸ್ವಲ್ಪ ಹಿಂದಕ್ಕೆ ಓಡಿಸಿ ತಾನೇ ಹಾಕಿಕೊಂಡಳು. ಪೆಂಡಾಲಿನ ಗಾಳಿಯೇ ಕಿವಿಯೊಳಕ್ಕೆ ಬಂದ ಹಾಗಾಯಿತು. ಯಾರದೋ ಬಳೆ, ದೂರದಲ್ಲಿ ಮಗುವಿನ ಅಳು, ಗಾಯಕರು ಮೇಲಿನ ಷಡ್ಜದಲ್ಲಿ ನಿಂತು ಉಸಿರೆಳೆದುಕೊಂಡದ್ದು. ಆ ಬಿಡುವಿನಲ್ಲಿ, ಮೈಕಿಗೆ ತೀರಾ ಹತ್ತಿರದಲ್ಲಿ, ಸುದೀರ್ಘವಾದ ಒಂದು ಗೊರಕೆ. ಕೊನೆಗೆ ಕುಕ್ಕರು ಹಬೆ ಬಿಟ್ಟಂತೆ ಸಣ್ಣ ಸೀಟಿ. ಈ ಮನೆಯಲ್ಲಿ ದಿನಾ ಮಧ್ಯಾಹ್ನ ಊಟವಾದ ಮೇಲೆ ಮಾವನ ಆರಾಮಕುರ್ಚಿಯಿಂದ ಬರುವ ಸೀಟಿಯೇ ಅದು. ಸ್ಪೀಕರಿನ ಗುಂಯ್‌ಗುಡುವಿಕೆಯಲ್ಲಿ ಇಷ್ಟು ವರ್ಷ ಮುಚ್ಚಿಹೋಗಿದ್ದದ್ದು ಈಗ ಸ್ವಚ್ಛವಾಗಿ ಈಚೆ ಬಂದಿತ್ತು.

ಅವಳು ಮಾವನ ಕಡೆ ನೋಡಿದಳು. ಮಾವ ಕೋಡುಬಳೆಯ ತೂತನ್ನು ನೋಡುತ್ತಿದ್ದರು.

"ಇಲ್ಲಿ ಕೊಡಮ್ಮ" ಎಂದು ಆತ್ರೇಯ ಕೈ ಚಾಚಿದರು. "ಅವನು ಫೇಲು ಮಾಡಿದ್ರೆ ಆಗೋಯ್ತಾ? ಇಬ್ಬರು ಕೊಟ್ರೆ ಮೆಜಾರಿಟಿ. ಅಲ್ವೇನೋ ಸಂಕರ್ಷಣ?"

ಆ ಲೆಕ್ಕ ಸುಪ್ರಜಾಳಿಗೂ ಗೊತ್ತಿತ್ತು. ಈ ಇಬ್ಬರ ತಲೆಗೆ ಇದನ್ನು ಏರಿಸಿದರೆ ಸಾಕು, ಫಸ್ಟ್ ಕ್ಲಾಸ್ ಕಟ್ಟಿಟ್ಟದ್ದು, ನಾಳೆಯಿಂದ ನಿದ್ದೆಯೂ ಕಟ್ಟಿಟ್ಟದ್ದು. ಆದರೆ ಅದರ ಜೊತೆಗೆ ಮಾವನ ರಾಮನವಮಿಯೂ ಹೋಗುತ್ತದೆ. ನಾಳೆ ಸಂಜೆಯಷ್ಟರಲ್ಲಿ ಪಾರ್ಕಿನ ಬೆಂಚು ಬೆಂಚಿಗೂ ಸುದ್ದಿ. ಅವಳ ಮದುವೆಯಾದ ಹೊಸದರಲ್ಲಿ, ಅತ್ತೆ ಇನ್ನೂ ಇದ್ದಾಗ, ಈ ಕಥೆ ಹೇಳುತ್ತ ಹೇಳುತ್ತ ಮಾವ ಎದ್ದು ನಿಂತೇಬಿಡುತ್ತಿದ್ದರು.

"ಇರಿ, ಮೊದಲು ಕಾಫಿ ತರ್ತೀನಿ" ಎಂದು ಒಳಗೆ ಹೋದಳು. ಅಡುಗೆಮನೆಯ ದಾರಿಯಲ್ಲೇ ಮೈನ್ ಸ್ವಿಚ್ಚು. ಒಂದು ಕ್ಷಣ ನಿಂತು, ತನ್ನ ನಿದ್ದೆಗೆ ಮನಸ್ಸಿನಲ್ಲೇ ಕೈಮುಗಿದು, ಕೆಳಕ್ಕೆ ಎಳೆದಳು.

ನಡುಮನೆಯ ಫ್ಯಾನು ನಿಧಾನವಾಗಿ ನಿಂತಿತು.

"ಥತ್! ಕರೆಂಟ್ ಹೋಯ್ತಲ್ರೋ" ಎಂದರು ಸಂಕರ್ಷಣ.

"ಭಾನುವಾರ ಹೋದ್ರೆ ಬೇಗ ಬರಲ್ಲ ಬಿಡು" ಎಂದ ವರದರಾಜರ ದನಿಯಲ್ಲಿ ಇಂಥ ವಿಷಯಕ್ಕೆ ಇರಬಾರದಷ್ಟು ಸಂತೋಷವಿತ್ತು.

ಕಾಫಿ ಕುಡಿದು, ಸೆಖೆ ತಾಳಲಾರದೆ ಗೆಳೆಯರು ಎದ್ದರು. ಸುಪ್ರಜಾ ಗೇಟಿನವರೆಗೆ ಹೋದಳು. ಸಂಕರ್ಷಣ ಸಿಂಗಪೂರದ ಹೆಲ್ಮೆಟ್ ಬಗಲಿಗಿಟ್ಟುಕೊಂಡು ಮುಂದೆ ನಡೆದರು. ಆತ್ರೇಯ ಚಪ್ಪಲಿ ಮೆಟ್ಟುತ್ತ ಎದುರುಮನೆಯ ಕಿಟಕಿ ನೋಡಿದರು. ಅಲ್ಲಿ ಟಿವಿ ಜೋರಾಗಿ ಓಡುತ್ತಿತ್ತು.

"ವಿಚಿತ್ರ ನೋಡಮ್ಮ. ನಿಮ್ಮನೆಗೆ ಮಾತ್ರ ಕರೆಂಟ್ ಹೋಗಿದೆ."

ಅವಳು ಸೆರಗಿನ ತುದಿ ತಿರುಚಿದಳು.

"ಆವತ್ತು ನಾನು ಅವನ ಪಕ್ಕದಲ್ಲೇ ಕೂತಿದ್ದೆ" ಎಂದರು ಆತ್ರೇಯ, ದನಿ ತಗ್ಗಿಸಿ. "ಆ ಗೊರಕೆ ಕೇಳೋಕೆ ಯಾವ ಹೆಡ್‌ಫೋನೂ ಬೇಕಾಗಿರ್ಲಿಲ್ಲ."

"ಮತ್ತೆ ಇಷ್ಟು ವರ್ಷ ಯಾಕೆ ಸುಮ್ನಿದ್ರಿ?"

"ಆ ಕಥೇಲಿ ನಾನು ನಿದ್ದೆ ಮಾಡಿದ್ರೇನೇ ಅವನಿಗೆ ಮಜಾ. ಮಾಡ್ಕೊಳ್ಲಿ ಬಿಡು." ಯೋಚಿಸಿ ನಕ್ಕರು. "ಸ್ವಿಚ್ ಹಾಕ್ಕೊಂಡ್ಬಿಡಮ್ಮ, ಫ್ರಿಜ್ಜಲ್ಲಿ ಹಾಲು ಇರತ್ತೆ."

ಮೂರೂ ಹೋದವು, ಒಪ್ಪಂದದ ಪ್ರಕಾರ ತಾನು ಸೋತೆ ಎಂದುಕೊಂಡು ಸುಪ್ರಜಾ ರಾತ್ರಿ ಮೂರನೆಯದನ್ನು ಡಬ್ಬಕ್ಕೆ ತುಂಬುತ್ತಿದ್ದಳು. ವರದರಾಜರು ನೀರು ಕುಡಿಯುವ ನೆಪದಲ್ಲಿ ಬಂದು ನಿಂತರು.

"ಅದನ್ನ ವಾಪಸ್ ಕೊಡ್ಬೇಡ."

"ಫೇಲು ಅಂದ್ರಲ್ಲ ಮಾವ?"

"ಮರುಮೌಲ್ಯಮಾಪನ ಮಾಡಿದೆ. ಫಸ್ಟ್ ಕ್ಲಾಸ್." ಚೊಂಬಿನೊಳಗೆ ನೋಡುತ್ತ ಮುಂದುವರಿಸಿದರು: "ಇನ್ಮೇಲೆ ಆ ಕ್ಯಾಸೆಟ್ಟನ್ನ ಸ್ಪೀಕರಲ್ಲಿ ಹಾಕೋದು ಸರಿಯಲ್ಲ. ಒಂದ್ಸಲ ಕಿವಿಗೆ ಬಿದ್ದಿದ್ದು... ಯಾರಿಗಾದ್ರೂ ತೊಂದರೆ ಆಗತ್ತೆ." ಹೋಗುವಾಗ ಪರದೆಯ ಹತ್ತಿರ ತಿರುಗಿ, "ಒಳ್ಳೇ ಸಮಯಕ್ಕೆ ಕರೆಂಟ್ ಹೋಯ್ತಮ್ಮ" ಎಂದರು.

ಸೋಮವಾರ ಬೆಳಗಿನ ಜಾವ ಅಭ್ಯಾಸಬಲದಿಂದ ಅವಳಿಗೆ ಎಚ್ಚರವಾಯಿತು. ಕಿವಿಗೊಟ್ಟಳು. ತೋಡಿ ಇಲ್ಲ, ತಂಬೂರಿ ಇಲ್ಲ. ದೂರದಲ್ಲಿ ಹಾಲಿನವನ ಸೈಕಲ್ಲಿನ ಕಿರುಗುಟ್ಟುವ ಸದ್ದು, ಅಷ್ಟೇ. ಪರದೆಯ ಸಂದಿಯಲ್ಲಿ ಮಾವ ಹೆಡ್‌ಫೋನ್ ತೊಟ್ಟು ಕಣ್ಣು ಮುಚ್ಚಿ ತಾಳ ಹಾಕುತ್ತಿರುವುದು ಕಾಣಿಸಿತು. ಸುಪ್ರಜಾ ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡಳು. ಕೈಕಾಲು ಹಗುರಾಗಿ, ದೇಹವೆಲ್ಲ ಹಾಸಿಗೆಯೊಳಕ್ಕೆ ಇಳಿಯತೊಡಗಿತು.

"ಭೇಷ್!"

ಮನೆಯೇ ಅದುರಿತು. ಮಗಳು ಎದ್ದು ಕೂತಳು. ತಮಟೆಗೂ ಏಳದ ಗಂಡ "ಯಾರದು?" ಎಂದು ದಡಬಡಿಸಿ ಎದ್ದ. ನಡುಮನೆಯಲ್ಲಿ ವರದರಾಜರಿಗೆ ಇದ್ಯಾವುದೂ ಕೇಳಿಸಿರಲಿಲ್ಲ. ಅವರಿಗೆ ಸೊಸೆಯ ನೆನಪಾಗಿರಬೇಕು. ಕಣ್ಣು ಮುಚ್ಚಿಕೊಂಡೇ, ಎದುರುಮನೆಯ ದೀಪ ಹತ್ತಿಕೊಳ್ಳುವಷ್ಟು ಜೋರಾಗಿ, ತುಂಬುಪ್ರೀತಿಯಿಂದ ಕೂಗಿ ಕೇಳಿದರು:

"ಸುಪ್ರಜಾ, ಈಗ ಚೆನ್ನಾಗಿ ನಿದ್ದೆ ಬರ್ತಿದೆಯೇನಮ್ಮಾ?"