ಹಿಂದಿನ ಸೀಟಿನ ಬಣ್ಣ

"ಇದಲ್ಲ." ಡಾಕ್ಟರು ಚರ್ಮದ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ತಲೆಯಾಡಿಸಿದರು. "ಇದು ಒಣಗಿದ ರಕ್ತದ ಬಣ್ಣ. ನಮ್ಮ ಕಾರಿಂದು ಇಷ್ಟು ಸತ್ತ ಕೆಂಪಲ್ಲ. ಹಲ್ಲು ಕಿತ್ತ ಮೇಲೆ ಕುಳೀಲಿ ಹೆಪ್ಪುಗಟ್ಟುತ್ತಲ್ಲ, ಆ ಕೆಂಪು."

ಬಸ್ಸು ಕಾರುಗಳ ಸೀಟು ಹೊಲಿಯುವ ಕುಶನ್ ಅಕ್ಕ ತುಟಿಯ ನಡುವೆ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಬಾಯಲ್ಲಿ ಸೂಜಿ ಇಟ್ಟುಕೊಂಡು ಸಿಟ್ಟು ಮಾಡಿಕೊಳ್ಳಬಾರದು ಎಂಬುದು ಈ ಕಸುಬಿನಲ್ಲಿ ಅವಳು ಕಲಿತ ಮೊದಲ ಪಾಠ.

"ಡಾಕ್ಟ್ರೇ, ನಾನು ಯಾರ ಹಲ್ಲನ್ನೂ ಕಿತ್ತಿಲ್ಲ. ಹೋದ ವಾರ ಇದೇ ತುಂಡು ನೋಡಿ ಪರವಾಗಿಲ್ಲ ಅಂದ್ರಿ."

"ಹೋದ ವಾರ ಮೋಡ ಇತ್ತು."

ಅವಳು ಮೋಡದ ಮೇಲೆ ಹೊರಿಸಲು ಸಾಧ್ಯವಾದದ್ದನ್ನೆಲ್ಲ ಮನಸ್ಸಿನಲ್ಲೇ ಹೊರಿಸಿ ತುಂಡನ್ನು ವಾಪಸು ತೆಗೆದುಕೊಂಡಳು.

ಅವಳ ಶೆಡ್ಡಿನ ಮುಕ್ಕಾಲು ಪಾಲನ್ನು ಆ ಕಾರು ಆಕ್ರಮಿಸಿ ಕುಳಿತಿತ್ತು. ಉದ್ದ ಮೂತಿ, ತಟ್ಟೆಯಂಥ ದೀಪಗಳು, ಹತ್ತಲು ಮೆಟ್ಟಿಲಿನಂಥ ಹಲಗೆ. ಸಮುದ್ರದಾಚೆ ಯಾವುದೋ ಕಂಪನಿ ಗಿರಾಕಿ ಕೇಳಿದಂತೆ ಒಂದೊಂದನ್ನೇ ಕೈಯಲ್ಲಿ ಕಟ್ಟಿಕೊಡುತ್ತಿದ್ದ ಕಾಲದ್ದು. ಒಂದರಂತೆ ಇನ್ನೊಂದಿಲ್ಲ, ಆ ಕಂಪನಿಯೂ ಈಗಿಲ್ಲ. ಡಾಕ್ಟರ ಅಪ್ಪ ಯಾರೋ ಸಿರಿವಂತರಿಂದ ಕೊಂಡು, ಕೆಲವು ವರ್ಷ ಓಡಿಸಿ ಮಾರಿದ್ದ ಕಾರು. ಆಮೇಲೆ ಅದು ಕೈಯಿಂದ ಕೈಗೆ ದಾಟಿ, ಮದುವೆ ಮೆರವಣಿಗೆಗೆ ಬಾಡಿಗೆ ಹೋಗಿ, ಮೈತುಂಬ ಬಿಳಿ ರೆಕ್ಸಿನ್ ಹೊದ್ದುಕೊಂಡು ಕೊನೆಗೆ ಒಂದು ಗೋದಾಮಿನಲ್ಲಿ ಕೋಳಿಗಳಿಗೆ ಮನೆಯಾಗಿತ್ತು. ಹಲ್ಲಿನ ಡಾಕ್ಟರಾಗಿ ನಿವೃತ್ತರಾದ ಮಗ ಅದನ್ನು ಹುಡುಕಿ ತಂದಿದ್ದರು. ಹಳೆಯ ಕಾರುಗಳ ಪ್ರದರ್ಶನಕ್ಕೆ ಹೆಸರು ಕೊಟ್ಟಾಗಿತ್ತು. ಒಳಗೆ ಮೊದಲು ಹೇಗಿತ್ತೋ ಹಾಗೇ ಆಗಬೇಕು, ಒಂದು ಎಳೆಯೂ ಆಚೀಚೆ ಆಗಕೂಡದು ಎಂಬುದು ಅವರ ಹಟ.

ಮೊದಲು ಹೇಗಿತ್ತು ಎಂದು ಹೇಳುವವರು ಯಾರು? ಒಳಗಿನ ಫೋಟೋ ಒಂದೂ ಇರಲಿಲ್ಲ. ಹಿಂದಿನ ಸೀಟಿನ ಚೌಕಟ್ಟಿನಲ್ಲಿ ಕೋಳಿ ಪುಕ್ಕ ಬಿಟ್ಟರೆ ಏನೂ ಉಳಿದಿರಲಿಲ್ಲ. ಮುಂದಿನ ಸೀಟಿನ ಮೊಳೆಯ ತಲೆಯಡಿ ಮಾತ್ರ ಉಗುರಿನಷ್ಟು ಕೆಂಪು ಚರ್ಮ ಸಿಕ್ಕಿತ್ತು. "ನೋಡು, ನಾನು ಹೇಳಲಿಲ್ವಾ," ಎಂದು ಡಾಕ್ಟರು ಮಗುವಿನಂತೆ ಹಿಗ್ಗಿದ್ದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಾತಿನ ಭರದಲ್ಲಿ ಅವರೇ, "ಬೇಕಾದ್ರೆ ನಮ್ಮ ಅಕ್ಕನ್ನ ಕೇಳು. ಆದ್ರೆ ಅವಳ ಮಾತು ನಂಬಬೇಡ," ಎಂದು ನಂಬರು ಕೊಟ್ಟಿದ್ದರು. ನಂಬಬೇಡ ಎಂದವರು ನಂಬರು ಯಾಕೆ ಕೊಟ್ಟರೋ, ತಾನು ಫೋನು ಯಾಕೆ ಮಾಡಿದೆನೋ ಎಂದು ಕುಶನ್ ಅಕ್ಕ ಆಮೇಲೆ ಎಷ್ಟೋ ಸಲ ಹಣೆ ಚಚ್ಚಿಕೊಂಡಿದ್ದಳು.

ಡಾಕ್ಟರ ಅಕ್ಕ ಶಾಲೆಯಲ್ಲಿ ಭೂಗೋಳ ಕಲಿಸಿದ ಟೀಚರು. "ಕೆಂಪಾ? ಯಾರು ಹೇಳಿದ್ದು? ಬೂದಿ ಬಣ್ಣ. ಚರ್ಮ ಅಲ್ಲವೇ ಅಲ್ಲ, ಬಟ್ಟೆ. ಬೆಕ್ಕಿನ ಹೊಟ್ಟೆ ಸವರಿದ ಹಾಗಿರೋದು," ಎಂದಿದ್ದರು. ಡಾಕ್ಟರಿಗೆ ಹೇಳಿದರೆ, "ಅದು ಮನೆಯ ಸೋಫಾ. ಅವಳಿಗೆ ಅರವತ್ತಕ್ಕೇ ಮರೆವು ಶುರುವಾಗಿತ್ತು." ಟೀಚರಿಗೆ ಹೇಳಿದರೆ, "ಅವನಿಗಾಗ ಏಳು ವರ್ಷ ತುಂಬಿರಲಿಲ್ಲ. ಅವನ ನೆನಪು ಅಂತ ಒಂದಿದ್ಯಾ?" ಅಕ್ಕತಮ್ಮ ಜಗಳವಾಡಿ ದೂರವಾದವರಲ್ಲ, ಆಡುವ ಮಾತು ಮುಗಿದು ದೂರವಾದವರು. ಈಗ ಮಾತು ಸಿಕ್ಕಿತ್ತು, ಆದರೆ ಅದನ್ನು ನೇರವಾಗಿ ಆಡುತ್ತಿರಲಿಲ್ಲ. ನಡುವೆ ಕುಶನ್ ಅಕ್ಕ ಅಡಕತ್ತರಿಗೆ ಸಿಕ್ಕ ಅಡಿಕೆಯಾಗಿದ್ದಳು. ಮೂಲೆಯಲ್ಲಿ ಹೊಲಿಯಬೇಕಾದ ಬಸ್ಸಿನ ಸೀಟುಗಳು ರಾಶಿ ಬಿದ್ದಿದ್ದವು. ಚರ್ಮಕ್ಕೆ ಕತ್ತರಿ ಹಾಕಲು ಕೈ ಬರುತ್ತಿರಲಿಲ್ಲ. ಹೊಲಿಗೆ ತಪ್ಪಿದರೆ ಬಿಚ್ಚಬಹುದು. ಕತ್ತರಿಸಿದ್ದನ್ನು ಕೂಡಿಸುವವರು ಯಾರು?

ಆ ಸಂಜೆ ಟೀಚರ ಫೋನು ಮತ್ತೆ ಬಂತು. "ನನ್ನ ತಮ್ಮನಿಗೆ ಹೇಳು, ಬೂದಿ ಅಂದ್ರೆ ಒಲೆ ಬೂದಿಯಲ್ಲ, ಸ್ವಲ್ಪ ನೀಲಿ ಬೆರೆತದ್ದು."

"ಹೇಳ್ತೀನಿ ಟೀಚರ್," ಎಂದಳು ಕುಶನ್ ಅಕ್ಕ. "ನಾಳೆ ಬೆಳಿಗ್ಗೆ ಒಂದು ಗಳಿಗೆ ಶೆಡ್ಡಿಗೆ ಬನ್ನಿ." ಆಮೇಲೆ ಡಾಕ್ಟರಿಗೂ ಅದನ್ನೇ ಹೇಳಿದಳು. ಇನ್ನೊಬ್ಬರು ಬರುತ್ತಾರೆಂದು ಇಬ್ಬರಿಗೂ ಹೇಳಲಿಲ್ಲ.

ಮರುದಿನ ಇಬ್ಬರೂ ಬಾಗಿಲಲ್ಲೇ ಎದುರುಬದುರಾದರು.

"ನೀನ್ಯಾಕೆ ಬಂದೆ?" ಎಂದರು ಡಾಕ್ಟರು.

"ಕರೆದ್ರು, ಬಂದೆ. ಎಷ್ಟು ಇಳಿದುಹೋಗಿದ್ದೀಯೋ, ಊಟ ಮಾಡ್ತೀಯಾ ಇಲ್ವಾ?"

"ಮಾಡ್ತೀನಿ."

ಅಷ್ಟಕ್ಕೆ ಇಬ್ಬರ ಮಾತೂ ಮುಗಿದು, ಇಬ್ಬರೂ ಕುಶನ್ ಅಕ್ಕನನ್ನು ನೋಡಿದರು. ಅವಳು ಕತ್ತಿನಲ್ಲಿದ್ದ ಟೇಪನ್ನು ಕಿತ್ತು ಮೇಜಿನ ಮೇಲೆ ಬಿಸಾಕಿದಳು.

"ನೋಡಿ, ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಮುಟ್ಟಿಸಿ ನನ್ನ ನಾಲಿಗೆ ಸವೆದಿದೆ. ಇವತ್ತು ಬಣ್ಣ ಇತ್ಯರ್ಥ ಆಗ್ಬೇಕು. ಇಲ್ಲಾಂದ್ರೆ ಕಾರನ್ನ ಎಳ್ಕೊಂಡು ಹೋಗಿ, ಕೋಳಿಗಳು ಕಾಯ್ತಿರ್ತಾವೆ. ಆಗ ಎಲ್ಲಿ ಕೂರ್ತಿದ್ರೋ ಅಲ್ಲೇ ಹೋಗಿ ಕೂತ್ಕೊಳ್ಳಿ. ಕೂತು ಹೇಳಿ."

ಸೀಟುಗಳಿರಲಿಲ್ಲ. ಬರಿಯ ಚೌಕಟ್ಟುಗಳ ಮೇಲೆ ಅವಳು ಹಲಗೆ ಹಾಸಿದಳು. ಡಾಕ್ಟರು ಯೋಚಿಸದೆ ಮುಂದಿನ ಬಾಗಿಲು ತೆರೆದು ಸ್ಟೀರಿಂಗಿನ ಪಕ್ಕದಲ್ಲಿ ಕುಳಿತರು. ಟೀಚರು ಸೆರಗು ಸರಿಮಾಡಿಕೊಂಡು, ಹಿಂದೆ ಬಾಗಿಲಿನ ಕಡೆಗೆ ಒತ್ತಿ, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು ಕುಳಿತರು.

ಕುಶನ್ ಅಕ್ಕ ಸೊಂಟಕ್ಕೆ ಕೈಯಿಟ್ಟು ಇಬ್ಬರನ್ನೂ ನೋಡಿದಳು. ಮತ್ತೊಮ್ಮೆ ನೋಡಿದಳು.

"ಡಾಕ್ಟ್ರೇ, ನೀವು ಯಾವತ್ತಾದ್ರೂ ಹಿಂದೆ ಕೂತಿದ್ರಾ?"

"ನಾನ್ಯಾಕೆ ಹಿಂದೆ? ಅಪ್ಪ ಓಡಿಸೋರು, ನಾನು ಪಕ್ಕದಲ್ಲಿ. ನಿದ್ದೆ ಬಂದ್ರೆ ಕೆನ್ನೆ ಚರ್ಮಕ್ಕೆ ಅಂಟ್ಕೊಳ್ಳೋದು. ಹಿಂದೆ ತಿರುಗಿದ್ರೆ ಕಿವಿ ಹಿಂಡೋರು, ರಸ್ತೆ ನೋಡು ಅಂತ."

"ಟೀಚರ್, ನೀವು ಮುಂದೆ?"

"ನನ್ನನ್ನ ಯಾರಮ್ಮ ಮುಂದೆ ಕೂರಿಸ್ತಿದ್ರು? ನಾನು, ಅಮ್ಮ, ಯಾವಾಗಲೂ ಹಿಂದೆ."

"ಅಯ್ಯೋ ನನ್ನ ಬುದ್ಧಿಗಿಷ್ಟು," ಎಂದಳು ಕುಶನ್ ಅಕ್ಕ ತನಗೆ ತಾನೇ. ಅವಳಿಗೆ ಇಬ್ಬರ ಮೇಲಿದ್ದ ಸಿಟ್ಟು ಒಮ್ಮೆಗೇ ತನ್ನ ಮೇಲೆ ತಿರುಗಿತು. ಡ್ರೈವರನ್ನು ಇಟ್ಟುಕೊಂಡು ಓಡಿಸುವ ದೊಡ್ಡ ಕಾರುಗಳಲ್ಲಿ ಮುಂದೆ ಬಾಳಿಕೆಗೆಂದು ಚರ್ಮ, ಹಿಂದೆ ಯಜಮಾನರಿಗೆ ಮೆತ್ತನೆಯ ಉಣ್ಣೆಬಟ್ಟೆ. ಇದು ಅವಳಿಗೆ ಗೊತ್ತಿಲ್ಲದ್ದಲ್ಲ. ಡಾಕ್ಟರ ಅಪ್ಪನೇ ಓಡಿಸುತ್ತಿದ್ದರು ಎಂದು ಮೊದಲ ದಿನವೇ ಕೇಳಿದ್ದರಿಂದ ಆ ಯೋಚನೆಯೇ ಅವಳ ಹತ್ತಿರ ಸುಳಿದಿರಲಿಲ್ಲ. ಡ್ರೈವರಿಗೆಂದು ಮಾಡಿದ ಜಾಗದಲ್ಲಿ ಯಜಮಾನರು ಹೆಮ್ಮೆಯಿಂದ ಕುಳಿತು ಓಡಿಸಿದ್ದರು.

"ಇಬ್ರದ್ದೂ ಸರಿ," ಎಂದಳು. "ಮುಂದೆ ಕೆಂಪು ಚರ್ಮ, ಹಿಂದೆ ಬೂದಿ ಬಟ್ಟೆ. ಅಂದ್ರೆ ಹಿಂದಿನ ಮಾತು ಡ್ರೈವರಿಗೆ ಕೇಳದ ಹಾಗೆ ನಡುವೆ ಏರಿಸಿ ಇಳಿಸೋ ಗಾಜೂ ಇದ್ದಿರ್ಬೇಕು. ಮುಂದಿನ ಸೀಟಿನ ಬೆನ್ನಲ್ಲಿರೋ ಈ ಮರದ ಸೀಳು ಯಾತಕ್ಕೆ ಅಂತ ಗೊತ್ತಾಗದೆ ಚಿಂದಿ ತುರುಕಿ ಮುಚ್ಚಿಬಿಟ್ಟಿದ್ದೆ."

"ಗಾಜು ಗೀಜು ಇರಲಿಲ್ಲ," ಎಂದರು ಡಾಕ್ಟರು.

"ಇತ್ತಲ್ಲ," ಎಂದರು ಟೀಚರು. ಮುಂದಕ್ಕೆ ಬಾಗಿ, ಏನೂ ಇಲ್ಲದ ಕಡೆ ಬೆರಳು ಮಡಚಿ ಗಾಳಿಯಲ್ಲೇ ತಿರುಗಿಸಿದರು. "ಹಿಡಿ ಇಲ್ಲಿತ್ತು. ಅಮ್ಮ ತಿರುಗಿಸೋಳು."

"ಅಮ್ಮನಾ? ಅಮ್ಮ ಕಾರಲ್ಲಿ ಮಾತೇ ಆಡ್ತಿರಲಿಲ್ಲ. ಅವಳಿಗೆ ತಲೆ ಸುತ್ತುತ್ತೆ, ಸುಮ್ನಿರು ಅಂತ ಅಪ್ಪ ನನಗೆ ಹೇಳೋರು."

ಟೀಚರಿಗೆ ನಗು ಬಂತು. "ತಲೆ ಸುತ್ತಂತೆ. ಊರು ದಾಟಿದ ಕೂಡಲೇ ಗಾಜು ಏರಿಸೋಳು. ದಾರಿಯುದ್ದಕ್ಕೂ ಹಾಡೋಳು ಕಣೋ. ಊರು ಹತ್ರ ಬಂದಾಗ ಇಳಿಸಿ, ಬಾಯಿ ಒರೆಸ್ಕೊಂಡು ಕೂರೋಳು."

ಡಾಕ್ಟರು ಎದುರಿನ ಗಾಜಿನಾಚೆ ಶೆಡ್ಡಿನ ಗೋಡೆಯನ್ನೇ ನೋಡುತ್ತ ಕುಳಿತರು. ಹಿಂದೆ ತಿರುಗಲಿಲ್ಲ.

"ಮನೇಲಿ ಒಂದು ದಿನಾನೂ ಹಾಡಿದ್ದು ನಾನು ಕೇಳಿಲ್ಲ," ಎಂದರು.

"ಮನೇಲಿ ಗಾಜಿರಲಿಲ್ಲವಲ್ಲ."

ಡಾಕ್ಟರು ಕೆಳಗಿಳಿದರು. ಮಂಡಿ ನೋವಿಗೆ ಬಾಗಿಲನ್ನು ಹಿಡಿದುಕೊಂಡೇ ಹಿಂದಕ್ಕೆ ಬಂದು, ತಲೆ ತಗ್ಗಿಸಿ ಒಳಗೆ ಹತ್ತಿ, ಅಕ್ಕ ಬಿಟ್ಟಿದ್ದ ಜಾಗದಲ್ಲಿ ಕುಳಿತರು. ಹಲಗೆ ಕಿರುಗುಟ್ಟಿತು.

"ಯಾವ ಹಾಡು?"

"ಪದಗಳು ಹೋಗಿಬಿಟ್ಟಿವೆ. ಒಂದೆರಡು ಸಾಲು ನನ್ನ ತಲೇಲಿ ಇದ್ದವು, ಈಗ ಅವೂ ಇಲ್ಲ. ಹೀಗೆ ಬೆರಳಲ್ಲಿ ತಟ್ಟೋಳು ನೋಡು, ಅದು ನೆನಪಿದೆ." ಟೀಚರು ಬಾಗಿಲಿನ ಬರಿಯ ಮರದ ಮೇಲೆ ಎರಡು ಬೆರಳಿನಿಂದ ತಟ್ಟತೊಡಗಿದರು.

"ಅದೆಲ್ಲ ಸರಿ, ಗಾಜು ಹಾಕಿಸ್ಬೇಕಾ ಬೇಡ್ವಾ?" ಎಂದಳು ಕುಶನ್ ಅಕ್ಕ. "ಗಾಜಿನವನಿಗೆ ಇವತ್ತೇ ಹೇಳ್ಬೇಕು. ಆಮೇಲೆ ನನ್ನನ್ನ ಅನ್ನಬೇಡಿ."

ಅಷ್ಟರಲ್ಲಿ ಪಕ್ಕದ ಶೆಡ್ಡಿನಲ್ಲಿ ಗ್ರೈಂಡರ್ ಕಬ್ಬಿಣಕ್ಕೆ ಕಚ್ಚಿಕೊಂಡು ಕಿರುಚಲು ಶುರುಮಾಡಿತು. ಕಾರಿನೊಳಗೆ ಟೀಚರ ಬೆರಳು ಆಡುತ್ತಲೇ ಇತ್ತು. ಸದ್ದು ಮಾತ್ರ ಕೇಳುತ್ತಿರಲಿಲ್ಲ. ಡಾಕ್ಟರು ಅಕ್ಕನ ಕಡೆಗೆ ಬಾಗಿ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡರು.

ಕುಶನ್ ಅಕ್ಕ ಗೊಣಗುತ್ತಲೇ ಹೊರಗೆ ಹೋದಳು. ಪಕ್ಕದ ಬಾಗಿಲಲ್ಲಿ ನಿಂತು, ಕಿಡಿಗಳ ನಡುವೆ ಕುಳಿತಿದ್ದವನಿಗೆ ಕೈಸನ್ನೆ ಮಾಡಿದಳು. ಅವನಿಗೆ ಕಾಣಲಿಲ್ಲ. ಅವಳು ಒಳಗೆ ನುಗ್ಗಿ ಸ್ವಿಚ್ಚನ್ನೇ ಆರಿಸಿದಳು.

"ಏನಕ್ಕಾ?" ಎಂದು ಅವನು ಕನ್ನಡಕ ಹಣೆಗೇರಿಸಿದ.

"ಏನಿಲ್ಲ. ಸ್ವಲ್ಪ ಹೊತ್ತು ಸುಮ್ನಿರಪ್ಪ."

ಅವಳು ತನ್ನ ಶೆಡ್ಡಿಗೆ ಮರಳಲಿಲ್ಲ. ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು ಅಲ್ಲೇ ಗೋಡೆಗೆ ಒರಗಿ ನಿಂತಳು.